ಜಾಹೆದಾಳ ಬಳೆಗಾಡಿಗೆ ಒಂದು ಚಾಸಿ

ಮಾನ್ವಿಯ ಗುಲಾಮ್ ದಸ್ತಗೀರ್‌ಗೆ ವ್ಯಾಪಾರ ಎಂದೂ ಕೈ ಹತ್ತಲಿಲ್ಲ. ರಾಯಚೂರಿನ ಬಳೆ ಅಂಗಡಿಯವರ ಮನೆಯಲ್ಲಿ ಹುಟ್ಟಿದರೂ ಅವನ ಮನಸ್ಸು ಗ್ಯಾರೇಜಿನಲ್ಲಿತ್ತು. ಶಾಲೆ ಬಿಟ್ಟವನು ಸ್ಟೇಷನ್ ಹತ್ತಿರದ ಗ್ಯಾರೇಜೊಂದನ್ನು ಸೇರಿದ, ಅಲ್ಲಿಂದ ಹೈದರಾಬಾದಿಗೆ ಹೋಗಿ ವ್ಯಾನುಗಳಿಗೆ ಮೈ ಕಟ್ಟುವ ಕಾರ್ಖಾನೆಯಲ್ಲಿ ಕೆಲವು ವರ್ಷ ದುಡಿದ. ಮದುವೆಯಾದ ಮೇಲೆ ಮಾನ್ವಿಗೆ ಬಂದು ನೆಲೆಸಿದ. ಬಳೆಯ ವ್ಯಾಪಾರ ಮುಂದುವರಿಸಿದವಳು ಅವನ ಹೆಂಡತಿ ಜಾಹೆದಾ.

ಸಂತೆಯಲ್ಲಿ ಬಳೆ ಮಾರುವುದೆಂದರೆ ಬಳೆ ತೊಡಿಸುವುದು. ಕೈಯ ಗೆಣ್ಣುಗಳನ್ನು ಮೆಲ್ಲಗೆ ಅದುಮಿ, ಹೆಬ್ಬೆರಳನ್ನು ಒಳಕ್ಕೆ ಮಡಚಿ, ನೋವಾಗದ ಹಾಗೆ, ಗಾಜು ಒಡೆಯದ ಹಾಗೆ ಏರಿಸಬೇಕು. ಹಿರೇಕೊಟ್ನೆಕಲ್‌ನಿಂದ ದೇವದುರ್ಗದವರೆಗೆ ಹೆಂಗಸರು ಜಾಹೆದಾಳ ಮುಂದೆ ಕೈ ಚಾಚಿ ಕೂತು ತಮ್ಮ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಆಕೆ ಮರುವಾರ ಅದನ್ನು ನೆನಪಿಟ್ಟು ಕೇಳುತ್ತಿದ್ದಳು. ಗಿರಾಕಿಗಳು ಬರುತ್ತಿದ್ದದ್ದು ಅರ್ಧ ಬಳೆಗೆ, ಅರ್ಧ ಆ ಮಾತಿಗೆ.

೧೯೮೨ರಲ್ಲಿ ಸಂತೆ ಮುಗಿಸಿ ಬರುವಾಗ ಲಾರಿಯ ಮೇಲಿಂದ ಇಳಿಯುತ್ತ ಆಕೆ ಜಾರಿ ಬಿದ್ದಳು. ಮುರಿದ ಸೊಂಟದ ಎಲುಬು ಕೂಡಿಕೊಂಡಿತು, ಮನೆಯಲ್ಲಿ ಓಡಾಡಲು ತೊಂದರೆಯಿರಲಿಲ್ಲ. ಆದರೆ ಲಾರಿ ಹತ್ತುವುದು, ಬಸ್ಸಿನ ನೂಕುನುಗ್ಗಲಲ್ಲಿ ನಿಲ್ಲುವುದು ಇನ್ನು ಆಗದ ಮಾತಾಯಿತು. ದಸ್ತಗೀರ್ ಒಬ್ಬನೇ ಸಂತೆಗೆ ಹೋಗಿ ನೋಡಿದ. ಗಂಡಸಿನ ಮುಂದೆ ಕೈ ಚಾಚಲು ಹೆಂಗಸರು ಹಿಂಜರಿದರು. ಜಾಹೆದಾ ಮನೆಯ ಬಾಗಿಲಲ್ಲಿ ಕೂತು ಬಳೆಗಳನ್ನು ಬಣ್ಣದ ಪ್ರಕಾರ ಜೋಡಿಸುವಳು, ಮತ್ತೆ ಬಿಚ್ಚಿ ಜೋಡಿಸುವಳು. ಮೊದಲೆಲ್ಲ ಒಂದೇ ಸಮನೆ ಮಾತಾಡುತ್ತಿದ್ದವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡತೊಡಗಿದಳು.

ಆಕೆ ಕುರ್ಚಿಯಲ್ಲಿ ಕೂತಷ್ಟು ಸುಲಭವಾಗಿ ಕೂತು ಹೋಗುವಂಥ ತಗ್ಗಿನ ಗಾಡಿಯೊಂದನ್ನು ತಾನೇ ಕಟ್ಟಬೇಕೆಂದು ದಸ್ತಗೀರ್ ನಿಶ್ಚಯಿಸಿದ. ರಾಯಚೂರಿನಲ್ಲಿ ಒಂದು ಹಳೆಯ ಸಣ್ಣ ಕಾರು ಸಿಕ್ಕಿತು. ಎಂಜಿನ್, ಗಾಲಿ, ಕಾಗದಪತ್ರ ಚೆನ್ನಾಗಿದ್ದವು. ಕೆಳಗಿನ ಚೌಕಟ್ಟು, ಎಂದರೆ ಚಾಸಿ, ತುಕ್ಕು ಹಿಡಿದು ಪುಡಿಯಾಗಿತ್ತು. ಹೈದರಾಬಾದಿನ ಕಾರ್ಖಾನೆಯ ಹಳೆಯ ಮಾಲೀಕರು ಹೊಸ ಚಾಸಿಗೆ ಬೇಕಾದ ಚೌಕ ಪೈಪುಗಳನ್ನು ಅಳತೆಗೆ ಸರಿಯಾಗಿ ಕೊಯ್ಯಿಸಿ, ಒಂದೊಂದರ ಮೇಲೂ ಅಂಕಿ ಒತ್ತಿಸಿ, ಕಟ್ಟು ಕಟ್ಟಿ ಲಾರಿಯಲ್ಲಿ ಕಳಿಸಿದರು. ಆ ಗಾತ್ರದ ಪೈಪು ಇದೇ ಕೊನೆ, ಇನ್ನು ಬರುವುದಿಲ್ಲ ಎಂದೂ ಹೇಳಿ ಕಳಿಸಿದರು. ಕೊಯ್ದು ಬಂದ ಕಬ್ಬಿಣದಲ್ಲಿ ಒಂದು ಕಷ್ಟವಿದೆ. ಬೆಸುಗೆ ತಪ್ಪಿದರೆ ಬಿಡಿಸಿ ಕೂಡಿಸಬಹುದು, ಆದರೆ ಬಿಡಿಸುವ ಗರಗಸವೇ ಸ್ವಲ್ಪ ಕಬ್ಬಿಣವನ್ನು ತಿಂದುಬಿಡುತ್ತದೆ. ತುಂಡು ಗಿಡ್ಡವಾದರೆ ಕಥೆ ಮುಗಿಯಿತು.

೧೯೮೪ರ ಬೇಸಿಗೆಯಲ್ಲಿ, ಮನೆಯಂಗಳದ ಬೇವಿನ ಮರದ ಬಳಿ ಕೆಲಸ ಶುರುವಾಯಿತು. ವೆಲ್ಡಿಂಗ್ ಮಾಡಲು ಸಾಬಣ್ಣ ಬಂದ. ಕುರಿ ಕಾಯುವ ಮನೆತನದವನು, ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾಸ್ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಕುಂಟೆ, ನೇಗಿಲು ಬೆಸೆಯುತ್ತಿದ್ದವನು, ದಸ್ತಗೀರ್‌ನ ಗೆಳೆಯ. ಕಲ್ಲುಗಳ ಮೇಲೆ ಎರಡು ಉದ್ದದ ಪೈಪುಗಳನ್ನಿಟ್ಟು, ಮಟ್ಟ ನೋಡಲು ರಸಮಟ್ಟ ಹಿಡಿದು, ನಡುವೆ ಅಡ್ಡಪಟ್ಟಿಗಳನ್ನು ಕೂಡಿಸುತ್ತ ಹೋದರು. ಸಾಬಣ್ಣ ನೆರಳಿನಲ್ಲಿ ಕೂರಲೆಂದು ಚೌಕಟ್ಟಿನ ಒಂದು ಪೈಪನ್ನು ಮರದ ಕಡೆಗೆ ಇಟ್ಟಿದ್ದರು. ಇನ್ನೊಂದು ಬಯಲಿನಲ್ಲಿತ್ತು.

ಎಲ್ಲ ತುಂಡುಗಳೂ ಕೂಡಿಕೊಂಡಾಗ ಸಾಬಣ್ಣ ಎದ್ದು ನಿಂತು ನೋಡಿದ. "ಇದಕ್ಕ ನುಲಿ ಬಿಗಿದ್ರ ಚಲೋ ಮಂಚ ಆಗ್ತದ. ಯವ್ವಗ ಹಾಕಿಬಿಡು."

ಯವ್ವ ಎಂದರೆ ದಸ್ತಗೀರ್‌ನ ತಾಯಿ ಖಾಸಿಂ ಬೀ. "ಮಂಚದ ಮ್ಯಾಲೆ ನಿನ್ನ ಮಲಗಸ್ತೀನಿ, ಕೆಳಗ ಒಲಿ ಹಚ್ತೀನಿ" ಎಂದಳು ಆಕೆ ಎಲೆ ಅಡಿಕೆ ಅಗಿಯುತ್ತ.

ಬೆಸುಗೆ ಆರಲೆಂದು ಮಧ್ಯಾಹ್ನದವರೆಗೆ ಕಾದರು. ಇನ್ನು ಉದ್ದದ ಪೈಪುಗಳು ನೆಟ್ಟಗಿವೆಯೇ ಎಂದು ನೋಡಬೇಕಿತ್ತು. ಹೈದರಾಬಾದಿನಲ್ಲಿ ದಸ್ತಗೀರ್ ಕಲಿತ ಉಪಾಯ ಸರಳವಾದದ್ದು. ಪೈಪಿನ ಎರಡು ತುದಿಗೆ ಒಂದೇ ದಪ್ಪದ ಎರಡು ಬಿಲ್ಲೆಗಳನ್ನಿಟ್ಟು ಅವುಗಳ ಮೇಲೆ ದಾರ ಬಿಗಿಯಬೇಕು. ಅದೇ ದಪ್ಪದ ಮೂರನೆಯ ಬಿಲ್ಲೆ ದಾರದ ಕೆಳಗೆ ಎಲ್ಲಿ ಬೇಕಾದರೂ ತಾಕಿಯೂ ತಾಕದಂತೆ ಸರಿದಾಡಿದರೆ ಪೈಪು ನೆಟ್ಟಗಿದೆ ಎಂದರ್ಥ. ಬಿಲ್ಲೆಗಳಾಗಿ ಒದಗಿದ್ದು ತಾಯಿಯ ಎಲೆ ಅಡಿಕೆಯ ಚಂಚಿಯಲ್ಲಿದ್ದ ನಿಜಾಮರ ಕಾಲದ ಬೆಳ್ಳಿ ರೂಪಾಯಿಗಳು. ಖಾಸಿಂ ಬೀ ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೆ, ನಾಳೆ ಬೆಳಿಗ್ಗೆ ತನ್ನ ಕೈಗೆ ವಾಪಸು ಬರಬೇಕೆಂದು ಹೇಳಿ ಕೊಟ್ಟಳು.

ಮರದ ಕಡೆಯ ಪೈಪಿನ ಮೇಲೆ ರೂಪಾಯಿ ಸಲೀಸಾಗಿ ಸರಿಯಿತು. ಬಯಲಿನ ಪೈಪಿನ ಮೇಲೆ ತುದಿಯಿಂದ ಹೊರಟಿದ್ದು ನಡುವಿಗೆ ಬರುವಷ್ಟರಲ್ಲಿ ಸಿಕ್ಕಿಕೊಂಡಿತು. ಅಲ್ಲಿ ದಾರ ಕಬ್ಬಿಣಕ್ಕೇ ತಾಕುತ್ತಿತ್ತು. ಪೈಪು ಬಿಲ್ಲಿನಂತೆ ಮೇಲಕ್ಕೆದ್ದಿತ್ತು.

ಒಂದು ಕಡೆ ನೆಟ್ಟಗೆ, ಒಂದು ಕಡೆ ಉಬ್ಬು. ಇಂಥ ಚಾಸಿಯ ಮೇಲೆ ನಾಲ್ಕು ಗಾಲಿಯೂ ಸಮನಾಗಿ ನೆಲ ಹಿಡಿಯುವುದಿಲ್ಲ. ನೋವಿರುವ ಸೊಂಟದವಳನ್ನೂ ಗಾಜಿನ ಸಾಮಾನನ್ನೂ ಅದರಲ್ಲಿ ಒಯ್ಯುವಂತಿಲ್ಲ. ಬೆಸುಗೆಯ ಕಾವಿಗೆ ಕಬ್ಬಿಣ ಎಳೆದುಕೊಂಡಿದೆ ಎಂದು ಇಬ್ಬರಿಗೂ ಅನ್ನಿಸಿತು. ನಡುವಿನ ಕೂಡುಗಳನ್ನು ಬಿಡಿಸಿ ನೋಡುವುದೊಂದೇ ದಾರಿ. ಬಿಡಿಸಿದರೆ ತುಂಡು ಸಾಲದು ಎಂಬುದೂ ಗೊತ್ತಿತ್ತು. ಬಾಗಿಲಲ್ಲಿ ಕೂತಿದ್ದ ಜಾಹೆದಾ ಬಳೆಯ ಪೆಟ್ಟಿಗೆ ಮುಚ್ಚಿ ಒಳಗೆ ಹೋದಳು.

ಸಾಬಣ್ಣ ಗರಗಸ ತಂದು ಪೈಪಿನ ಮೇಲೆ ಮೊಣಕಾಲೂರಿದವನೇ ಹಾರಿ ಹಿಂದೆ ಸರಿದ. "ಇದು ಹಂಚಾಗ್ಯದೋ ಮಾರಾಯ. ಕಾಲು ಸುಟ್ಟೋತು. ಮುಂಜಾನಿ ತಂಪೊತ್ತಿನ್ಯಾಗ ಕೊಯ್ಯೂಣು, ಈಗ ನನ್ನ ಕೈಲೆ ಆಗೂದಿಲ್ಲ."

ಮರುದಿನ ಅಂಗಳಕ್ಕೆ ಬಿಸಿಲು ಇಳಿಯುವ ಮೊದಲೇ ಅವನು ಬಂದ. ಎಲ್ಲಿ ಕೊಯ್ಯಬೇಕೆಂದು ಗುರುತು ಹಾಕಲು ದಸ್ತಗೀರ್ ಮತ್ತೆ ದಾರ ಬಿಗಿದ. ಬಯಲಿನ ಪೈಪಿನ ಮೇಲೆ ಮೂರನೆಯ ರೂಪಾಯಿಯನ್ನು ನೂಕಿದ. ಅದು ನಡುವನ್ನು ದಾಟಿ ಆಚೆ ತುದಿಯವರೆಗೂ ಹೋಯಿತು. ವಾಪಸು ತಂದ. ಮತ್ತೆ ಹೋಯಿತು.

"ಯಾಕ, ಆಟ ಆಡಾಕತ್ತೀಯೇನು?" ಎಂದ ಸಾಬಣ್ಣ.

ದಸ್ತಗೀರ್ ಪೈಪಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಬೇವಿನ ಮರದ ಕಡೆ ನೋಡಿದ, ನಿನ್ನೆ ಸಾಬಣ್ಣ ಕೂತಿದ್ದ ಜಾಗ ನೋಡಿದ. ಕೊಯ್ಯುವುದು ಬೇಡ, ಇನ್ನೊಂದು ಮಧ್ಯಾಹ್ನ ನೋಡೋಣ ಎಂದ. ಇಬ್ಬರೂ ಸೇರಿ ಚೌಕಟ್ಟನ್ನು ತಿರುಗಿಸಿ, ನೆರಳಿನ ಪೈಪು ಬಯಲಿಗೂ ಬಯಲಿನದು ನೆರಳಿಗೂ ಬರುವಂತೆ ಇಟ್ಟರು. ಬೆಸುಗೆಯಿಂದ ಬಂದ ಡೊಂಕಾದರೆ ಅದೇ ಪೈಪಿನಲ್ಲಿ ಉಳಿಯಬೇಕು. ಬಿಸಿಲಿನದಾದರೆ ಇನ್ನೊಂದು ಪೈಪಿಗೆ ಹೋಗಬೇಕು. ಖಾಸಿಂ ಬೀ ರೂಪಾಯಿ ಕೇಳಿದಳು. ಇನ್ನೊಂದು ದಿನ ಇರಲಿ ಎಂದು ಮಗ ಬೇಡಿಕೊಂಡ.

ಮಧ್ಯಾಹ್ನ, ನಿನ್ನೆ ನೆಟ್ಟಗಿದ್ದ ಪೈಪು ಉಬ್ಬಿತ್ತು. ಉಬ್ಬಿದ್ದು ನೆಟ್ಟಗಿತ್ತು. ಬಿಸಿಲಿಗೆ ಪೈಪಿನ ಮೇಲ್ಮೈ ಕಾದು ಹಿಗ್ಗುತ್ತಿತ್ತು, ಕೆಳಮೈ ಅಷ್ಟು ಹಿಗ್ಗದೆ ಉಳಿಯುತ್ತಿತ್ತು, ಆದ್ದರಿಂದ ನಡು ಮೇಲಕ್ಕೇಳುತ್ತಿತ್ತು. ಚಾಸಿಯಲ್ಲಿ ದೋಷವೇ ಇರಲಿಲ್ಲ.

ದಸ್ತಗೀರ್ ಬೇವಿನ ಬೊಡ್ಡೆಗೆ ಒರಗಿ ಕೂತುಬಿಟ್ಟ. ಸಾಬಣ್ಣ ಗರಗಸವನ್ನು ಚೀಲಕ್ಕೆ ಹಾಕುತ್ತ, ತನ್ನ ಸುಟ್ಟ ಮೊಣಕಾಲಿಗೆ ಈ ಮನೆಯವರು ಒಂದು ಹೊತ್ತಿನ ಬಿರಿಯಾನಿಯನ್ನಾದರೂ ಹಾಕಬೇಕೆಂದ.

ಜಾಹೆದಾ ಬಾಗಿಲಿಗೆ ಬಂದಳು. "ಹಂಗಾದ್ರ ಕೊಯ್ಯೂದಿಲ್ಲಲ್ಲ?"

"ಕೊಯ್ಯೂದಿಲ್ಲ. ಸರಿ ಅದ."

ಆಕೆ ಹತ್ತಿರ ಬಂದು ನೆರಳಿನ ಕಡೆಯ ಪೈಪಿನ ಮೇಲೆ ಕೂತಳು. ಇಷ್ಟು ತಗ್ಗಿದ್ದರೆ ಸಾಕು ಎಂದಳು. ಸೀಟು ಎಷ್ಟು ಮೆತ್ತಗಿರಬೇಕು, ಪೆಟ್ಟಿಗೆ ಯಾವ ಬದಿಗಿರಬೇಕು, ಹಸಿರು ಬಳೆ ಕೈಗೆಟಕುವಂತೆ ಎಲ್ಲಿಡಬೇಕು ಎಂದು ಒಂದಾದಮೇಲೊಂದು ಹೇಳತೊಡಗಿದಳು. ಸಾಬಣ್ಣ ಹೊರಟು ನಿಂತಾಗಲೂ ಆ ಮಾತು ಮುಗಿದಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಗಾಡಿ ದೇವದುರ್ಗದ ಸಂತೆಗೆ ಹೋಯಿತು. ಜಾಹೆದಾ ಸೀಟಿನಿಂದಲೇ ಪೆಟ್ಟಿಗೆ ತೆರೆದಳು. ಬಳೆಗಳು ಇಟ್ಟ ಹಾಗೇ ಇದ್ದವು. ಮೊದಲು ಬಂದವಳು ಹಳೆಯ ಗಿರಾಕಿ ಬಂಡೆಮ್ಮ. ಅವಳ ಕೈಯಲ್ಲಿ ಅಂಚು ಮುರಿದ ಎರಡೇ ಬಳೆ ಉಳಿದಿದ್ದವು.

"ಯಾರ ಕೈಲೆ ಹಾಕಿಸ್ಕೊಂಡ್ರೂ ನೋವಾಗ್ತಿತ್ತವ್ವಾ" ಎಂದು ಅವಳು ಕೈ ಚಾಚಿದಳು.

ಜಾಹೆದಾ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳನ್ನು ಒಳಕ್ಕೆ ಮಡಚಿ, "ಆಗ ನಿನ್ನ ಮಗಳು ಬಸುರಿದ್ಳಲ್ಲ, ಏನು ಹಡದ್ಳು? ಗಂಡೋ, ಹೆಣ್ಣೋ?" ಎಂದು ಕೇಳಿದಳು.