ವೇಷದ ನೀಲವ್ವ ಹೊರಿಸಿದ ಹರಕೆ

ನೀಲವ್ವನ ತುಟಿಯ ಎಡ ಮೂಲೆಯಲ್ಲಿ ಸದಾ ನಾಲ್ಕು ಗುಂಡುಸೂಜಿ ಇರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಗಿರಾಕಿಗಳೊಡನೆ ಮಾತಾಡುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು, ಎಲೆ ಅಡಿಕೆಯನ್ನೂ ಹಾಕಿಕೊಳ್ಳುತ್ತಿದ್ದಳು. ನುಂಗಿಬಿಟ್ಟರೆ ಗತಿಯೇನು ಎಂದು ಒಮ್ಮೆ ಕೇಳಿದ್ದೆ. ಮೂವತ್ತು ವರ್ಷದಲ್ಲಿ ಎರಡೇ ಸಲ ನುಂಗಿದ್ದೇನೆ, ಎರಡೂ ಸಲ ಗಿರಾಕಿಯದೇ ತಪ್ಪು ಎಂದಳು.

ಜೋರಾಪುರ ಪೇಟೆಯಲ್ಲಿ ಆಕೆಯದು ಬಾಡಿಗೆ ವೇಷದ ಅಂಗಡಿ. ಶಾಲೆಗಳ ವಾರ್ಷಿಕೋತ್ಸವದ ಗ್ಯಾದರಿಂಗ್ ಬಂತೆಂದರೆ ಊರಿನ ಅರ್ಧ ರಾಜರು, ಮುಕ್ಕಾಲು ಸೈನಿಕರು, ಎಲ್ಲ ಪ್ರಾಣಿಗಳು ಅಲ್ಲಿಂದಲೇ ಹೊರಡಬೇಕು. ಯಾರೇ ಕಟ್ಟೆ ಹತ್ತಿದರೂ ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಿದ್ದಳು. ಅಳತೆಪಟ್ಟಿ ತೆಗೆಯುವ ಮೊದಲೇ ಸೊಂಟದ ಸುತ್ತಳತೆಯ ಜೊತೆಗೆ ಸ್ವಭಾವದ ಅಳತೆಯೂ ಆಗಿಹೋಗುತ್ತಿತ್ತು. ಮಗನಿಗೆ ರಾಜನ ವೇಷ ಒಯ್ಯಲು ಬಂದಿದ್ದ ಒಬ್ಬ ಗೃಹಸ್ಥರಿಗೆ, ಪಕ್ಕದಲ್ಲಿ ಅವರ ಹೆಂಡತಿ ನಿಂತಿದ್ದಾಗಲೇ, "ನಿಮಗ ಮಂತ್ರಿದು ಕಟ್ಟಿ ಕೊಡ್ಲೇನ್ರಿ? ಮನ್ಯಾಗ ಹೆಂಗೂ ಅದ ನಡದಿರಬೇಕು" ಅಂದಿದ್ದಳು. ಹೆಂಡತಿ ನಕ್ಕರು. ಗಂಡ ವೇಷ ಒಯ್ದರು, ಸಿಟ್ಟು ಮಾಡಿಕೊಳ್ಳಲಿಲ್ಲ. ಆಕೆಯ ಮೇಲೆ ಸಿಟ್ಟು ಮಾಡಿಕೊಂಡರೆ ಪೇಟೆಯಲ್ಲಿ ಬೇರೆ ಕಿರೀಟ ಸಿಗುತ್ತಿರಲಿಲ್ಲ.

ನನ್ನನ್ನು ಮೊದಲ ಸಲ ನೋಡಿದಾಗ, ಇಬ್ಬರು ಸೇರಿ ಹಾಕಿಕೊಳ್ಳುವ ಕುದುರೆ ವೇಷದ ಕಡೆ ಕೈ ತೋರಿಸಿದಳು. "ನೀ ಇದರ ಹಿಂದಿನ ಕಾಲು ಬೇ ಸಾವಂತ್ರಿ. ಮುಂದಿನವ ಎಲ್ಲಿ ಹೊಂಟಾನ ಕೇಳಂಗಿಲ್ಲ, ಹೆಜ್ಜಿ ಹಾಕ್ಕೋತ ಹೋಗ್ತಿ." ಸಾವಿತ್ರಿ ಎಂಬ ನನ್ನ ಹೆಸರನ್ನು ಆಕೆ ಒಂದು ದಿನವೂ ಸರಿಯಾಗಿ ಕರೆದವಳಲ್ಲ. ಸ್ವಭಾವವನ್ನು ಮಾತ್ರ ಸರಿಯಾಗಿ ಹಿಡಿದಿದ್ದಳು.

ನಾನು ತಿಕೋಟಾದಿಂದ ವಿಜಯಪುರಕ್ಕೆ ಓಡಾಡಿ ಬಿ.ಎ. ಓದುತ್ತಿದ್ದೆ. ಸಂಜೆ ಐದೂವರೆಗೆ ನಮ್ಮೂರಿಗೊಂದು ಬಸ್ಸು, ಬಬಲೇಶ್ವರಕ್ಕೊಂದು ಬಸ್ಸು. ಅಲ್ಲಿಯವರೆಗೆ ನಾವು ನಾಲ್ಕೈದು ಹುಡುಗಿಯರು ನೀಲವ್ವನ ಅಂಗಡಿಯಲ್ಲಿ ಕೂತು ಕಿರೀಟಗಳಿಗೆ ಹೊಳೆಯುವ ಟಿಕಳಿ ಹಚ್ಚುತ್ತಿದ್ದೆವು. ಕೊನೆಯ ವರ್ಷದ ಆಗಸ್ಟಿನಲ್ಲಿ ಎರಡೂ ಬಸ್ಸು ಇದ್ದಕ್ಕಿದ್ದಂತೆ ನಿಂತುಹೋದವು. ಮುಂದಿನ ಬಸ್ಸು ಎಂಟಕ್ಕೆ. ಅಪ್ಪ ದಿನಾ ಎಂಟೂಮುಕ್ಕಾಲಿಗೆ ಊರ ಬಸ್‌ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದ. ಎರಡು ತಿಂಗಳು ನಿಂತು, ಒಂದು ದಿನ ಸಿಟ್ಟಿಲ್ಲದ ದನಿಯಲ್ಲೇ ಹೇಳಿದ: ನವೆಂಬರ್ ಮುಗಿಯುವುದರೊಳಗೆ ಬಸ್ಸು ಬರದಿದ್ದರೆ ಕಾಲೇಜು ಸಾಕು. ಸಿಟ್ಟಿನಿಂದ ಹೇಳಿದ್ದರೆ ಅತ್ತು ಕರೆದು ಬದಲಿಸಬಹುದಿತ್ತು.

ಇದನ್ನು ಕೇಳಿ ನೀಲವ್ವ ಸೂಜಿಗೆ ದಾರ ಪೋಣಿಸುತ್ತಲೇ, "ಹೆಂಗಸರಿಗೆ ಟಿಕೀಟ ಪುಕ್ಕಟ ಮಾಡ್ಯಾರ, ಬಸ್ಸ ಇಲ್ಲ. ನಾನೂ ನಾಳಿಂದ ವೇಷ ಪುಕ್ಕಟ ಅಂತ ಬೋರ್ಡ್ ಬರಸಿ, ಬಾಗಲಕ್ಕ ಕೀಲಿ ಹಾಕ್ತೇನಿ" ಅಂದಳು.

ಬಸ್ಸಿನ ಕಚೇರಿಗೆ ಮೂರು ಅರ್ಜಿ ಕೊಟ್ಟೆವು. ಒಂದಕ್ಕೂ ಉತ್ತರ ಬರಲಿಲ್ಲ. ಆಗ ನಮ್ಮ ಜೊತೆ ಓದುತ್ತಿದ್ದ ಬಬಲೇಶ್ವರದ ಬಸು ಒಂದು ಉಪಾಯ ತಂದ. ನವೆಂಬರ್ ಒಂದಕ್ಕೆ ಜೋರಾಪುರ ಪೇಟೆಯಿಂದ ಗಾಂಧಿ ಚೌಕದವರೆಗೆ ಮಕ್ಕಳ ವೇಷದ ಮೆರವಣಿಗೆ ಇತ್ತು. ಚೌಕದ ವೇದಿಕೆಯ ಮೇಲೆ, ಭುವನೇಶ್ವರಿ ಫೋಟೊದ ಪಕ್ಕದಲ್ಲಿ, ಬಸ್ಸಿನ ವಿಷಯ ನೋಡಿಕೊಳ್ಳುವ ಸಾಹೇಬರೂ ಕೂಡುವವರಿದ್ದರು. ಮೆರವಣಿಗೆಗೆ ಅಡ್ಡ ಬೀಳೋಣ, ರಸ್ತೆಯ ಮೇಲೆ ಸಾಲಾಗಿ ಮಲಗೋಣ ಎಂಬುದು ಬಸುನ ಮಾತು. ಕಾಲೇಜಿನ ಕಂಪೌಂಡಿನಲ್ಲಿ ಸಭೆ ಮಾಡಲು ಬಿಡಲಿಲ್ಲವಾದ್ದರಿಂದ ನಾವು ಇಪ್ಪತ್ಮೂರು ಜನ ನೀಲವ್ವನ ಅಂಗಡಿಯಲ್ಲಿ, ಹುಲಿ ಸಿಂಹಗಳ ನಡುವೆ, ಒಬ್ಬರ ತೊಡೆಯ ಮೇಲೆ ಒಬ್ಬರೆಂಬಂತೆ ಕೂತು ಚರ್ಚೆ ಮಾಡಿದೆವು.

ಕಚೇರಿಯಲ್ಲಿ ಸಾಹೇಬರಿಗೆ ಹಾಕಿಕೊಳ್ಳಲು ಬಾಗಿಲಿದೆ, ಚೌಕದಲ್ಲಿ ಬಾಗಿಲಿಲ್ಲ ಎಂದ ಬಸು. ನಮ್ಮೂರಿನ ಶೈಲಾ ಒಪ್ಪಲಿಲ್ಲ. ಅವಳ ಅಕ್ಕನ ನಾಲ್ಕು ವರ್ಷದ ಮಗಳು ಆ ಮೆರವಣಿಗೆಯಲ್ಲಿ ಗಿಳಿಯಾಗಿದ್ದಳು. ಹದಿನೈದು ದಿನದಿಂದ ಮನೆ ತುಂಬ ರೆಕ್ಕೆ ಬಡಿಯುತ್ತಿದ್ದ ಆ ಕೂಸೇನು ಬಸ್ಸು ನಿಲ್ಲಿಸಿತ್ತೇ ಎಂದು ಕೇಳಿದಳು. ನಾಳೆ ಆ ಗಿಳಿಗೂ ಬಸ್ಸು ಬೇಕಾಗುತ್ತದೆ ಎಂದ ಬಸು. ನಾಳಿನದು ನಾಳೆ, ಇವತ್ತು ನಿನ್ನನ್ನು ನೋಡಿ ಅದು ಹೆದರಿ ಅತ್ತರೆ ನೀನೇ ಎತ್ತಿಕೊಂಡು ಸಮಾಧಾನ ಮಾಡುತ್ತೀಯಾ ಎಂದಳು ಶೈಲಾ. ನನಗೆ ಬಸು ಮಾತಾಡಿದಾಗ ಬಸು ಸರಿ, ಶೈಲಾ ಮಾತಾಡಿದಾಗ ಶೈಲಾ ಸರಿ.

ನೀಲವ್ವ ಪರ, ವಿರೋಧ ಎರಡನ್ನೂ ಹೇಳಲಿಲ್ಲ. ಬರೀ ಪ್ರಶ್ನೆ ಕೇಳಿದಳು. ಸಿಂಹ ಆದ ಹುಡುಗನಿಗೆ ಉಚ್ಚೆ ಬಂದರೆ ಯಾವ ಕಡೆಯಿಂದ ದಾಟಿಸುತ್ತೀರಿ? ಮಲಗಿದಾಗ ಯಾರಾದರೂ ಕಚಗುಳಿ ಇಟ್ಟರೆ ಘೋಷಣೆ ಕೂಗುತ್ತೀರೋ, ನಗುತ್ತೀರೋ? ಎಲ್ಲರೂ ನಗುತ್ತಿದ್ದಾಗ ಬಾಯಿಂದ ಸೂಜಿಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡಳು. "ಲೇ ಬಸ್ಯಾ, ಸಿಂಹದ ಮುಖವಾಡದಾಗ ಕಣ್ಣಿಗೆ ತೂತು ಮ್ಯಾಲದಾವ. ಕೂಸಿಗೆ ನೆಲ ಕಾಣಂಗಿಲ್ಲ. ನಿಮ್ಮನ್ನ ತುಳದು, ಮುಗ್ಗರಸಿ, ಹಲ್ಲು ಮುರಕೋತಾವ. ಅದನ್ನ ಯೋಚನಿ ಮಾಡೀರೇನು?"

ಮಾಡಿರಲಿಲ್ಲ. ಕೊನೆಗೆ ಮಾಡಿದ ಏರ್ಪಾಡು ಇದು: ಸಿಂಹಗಳೆಲ್ಲ ದಾಟಿ ಹೋಗಲಿ, ಅವುಗಳ ಹಿಂದೆ ಆನೆಯ ವೇಷ ಹಾಕಿಸಿಕೊಂಡು ಬರುವ ಟ್ರ್ಯಾಕ್ಟರಿನ ಮುಂದೆ ಮಲಗೋಣ. ಟ್ರ್ಯಾಕ್ಟರಿಗೆ ಡ್ರೈವರ್ ಇರುತ್ತಾನೆ, ಬ್ರೇಕ್ ಇರುತ್ತದೆ. ನೀಲವ್ವನೂ ಅದು ಪರವಾಗಿಲ್ಲ ಎಂಬಂತೆ ಗೋಣು ಹಾಕಿದಳು.

ಮತ ಎಣಿಸಲು ಹೋದರೆ ಕೆಲವರು ಎರಡೂ ಸಲ ಕೈ ಎತ್ತುತ್ತಿದ್ದರು. ನೀಲವ್ವ ಒಂದು ಡಬ್ಬಿ ತಂದು ನಡುವೆ ಸುರಿದಳು. "ಬೇಕು ಅನ್ನೋರು ಮೀಸಿ ಹಚ್ಕೋರಿ, ಬ್ಯಾಡ ಅನ್ನೋರು ಗಡ್ಡ." ಹನ್ನೊಂದು ಮೀಸೆ, ಹನ್ನೊಂದು ಗಡ್ಡ ಆದವು. ಉಳಿದವಳು ನಾನು. ನನ್ನ ಒಂದು ಕೈಯಲ್ಲಿ ಮೀಸೆ, ಇನ್ನೊಂದರಲ್ಲಿ ಗಡ್ಡ. "ಎರಡೂ ಹಚ್ಚಿದ್ರ ಸಾಧು ಆಗ್ತಿ ಬೇ, ಒಂದು ಹಚ್ಚು" ಅಂದಳು. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಂತ ಅಪ್ಪ ಕಣ್ಣ ಮುಂದೆ ಬಂದ. ಮೀಸೆ ಹಚ್ಚಿಕೊಂಡೆ. ಆ ಅಂಟಿನ ವಾಸನೆ ಈಗಲೂ ಮೂಗಿನಲ್ಲಿದೆ.

ನೀನು ಯಾವ ಕಡೆ ಆಯಿ ಎಂದು ಬಸು ನೀಲವ್ವನನ್ನು ಕೇಳಿದ. "ನಂದು ಬಾಡಿಗಿ ಅಂಗಡಿ ಲೇ. ರಾಮಗೂ ಕೊಡ್ತೇನಿ, ರಾವಣಗೂ ಕೊಡ್ತೇನಿ."

ಆಮೇಲಿನ ಎರಡು ದಿನ ಆಕೆ ಪೇಟೆಯವರ ಟ್ರ್ಯಾಕ್ಟರಿಗೆ ಆನೆಯ ವೇಷ ಹಾಕಿದಳು. ಮುಂಭಾಗಕ್ಕೆಲ್ಲ ಬೂದು ಬಟ್ಟೆ, ನೆಲದವರೆಗೆ ಇಳಿಬಿದ್ದ ಸೊಂಡಿಲು, ಎರಡು ದೊಡ್ಡ ಕಿವಿ. ಹಿಂದಿನ ಟ್ರಾಲಿಯಲ್ಲಿ ಥರ್ಮಾಕೋಲಿನ ಗೋಳಗುಮ್ಮಟ, ಅದರ ಸುತ್ತ ಗಿಳಿ ವೇಷದ ಆರು ಮಕ್ಕಳಿಗೆ ಜಾಗ. ಆನೆ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ನೋಡಿದ ಯಾರಿಗೂ ಒಳಗೊಬ್ಬ ಡ್ರೈವರ್ ಇದ್ದಾನೆಂಬುದೇ ನೆನಪಾಗಲಿಲ್ಲ. ಕಿವಿಗಳ ನಡುವಿನ ಸಂದಿಯಿಂದ ಅವನಿಗೆ ದೂರದ ರಸ್ತೆ ಕಾಣುತ್ತಿತ್ತು. ಹತ್ತಿರದ ನೆಲ ಕಾಣುತ್ತಿರಲಿಲ್ಲ.

ಮೆರವಣಿಗೆಯ ದಿನ, ಚೌಕ ಇನ್ನೂರು ಹೆಜ್ಜೆ ದೂರ ಇದ್ದಾಗ ಸಿಂಹಗಳು ದಾಟಿದವು. ಬಸು ಸೀಟಿ ಊದಿದ. ಮೀಸೆಯವರು ಹನ್ನೆರಡು ಮಂದಿ ನೋಡುವವರ ಸಾಲಿನಿಂದ ನುಗ್ಗಿ, ಆನೆಯ ಕಡೆ ಕಾಲು ಮಾಡಿ, ರಸ್ತೆಗೆ ಅಡ್ಡ ಸಾಲಾಗಿ ಮಲಗಿದೆವು. ನಾನು ಎಡದ ತುದಿಯಲ್ಲಿದ್ದೆ. ಆಕಾಶ ನೋಡುತ್ತಾ, ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಅಂದುಕೊಂಡೆ. ಬ್ಯಾಂಡಿನ ಗದ್ದಲದಲ್ಲಿ ನಾವು ಕೂಗಿದ್ದು ಯಾರಿಗೂ ಕೇಳಲಿಲ್ಲ. ಮೊದಲು ಬೆನ್ನ ಕೆಳಗಿನ ಡಾಂಬರು ನಡುಗಿತು. ಆಮೇಲೆ ಸೊಂಡಿಲಿನ ತುದಿ ನನ್ನ ಹೊಟ್ಟೆಯ ಮೇಲಿಂದ ಎದೆಗೆ, ಎದೆಯಿಂದ ಮುಖಕ್ಕೆ ಹರಿದು ಬಂತು. ಬಟ್ಟೆಯ ಕೆಳಗಿನ ಕತ್ತಲಲ್ಲಿ ಚಕ್ರ ಕಾಣಿಸಿತು. ಅದರ ಗೀರುಗಳಲ್ಲಿ ಸಿಕ್ಕ ಸಣ್ಣ ಕಲ್ಲುಗಳನ್ನು ನಾನು ಒಂದೊಂದಾಗಿ ನೋಡಿದ್ದೇನೆ. ಏಳಬೇಕೆಂದು ಗೊತ್ತಿತ್ತು. ಕಲ್ಲು ನೋಡುತ್ತಲೇ ಇದ್ದೆ.

ನೀಲವ್ವ ಮಕ್ಕಳಿಗೆ ಕುಡಿಸಲೆಂದು ನೀರಿನ ಕೊಡ ಹೊತ್ತು ಆನೆಯ ಪಕ್ಕದಲ್ಲೇ ನಡೆಯುತ್ತಿದ್ದಳಂತೆ. ಉಳಿದದ್ದನ್ನು, ಅಕ್ಕನ ಮಗಳನ್ನು ನೋಡಲು ಬಂದಿದ್ದ ಶೈಲಾ ರಸ್ತೆಯ ಬದಿಯಿಂದ ಕಂಡಳು. ಅರವತ್ತು ದಾಟಿದ ಆ ಹೆಂಗಸು ಎರಡು ಹೆಜ್ಜೆ ಓಡಿ, ಆನೆಯ ಕಿವಿ ಹರಿದು, ಅರ್ಧ ಕೊಡ ನೀರನ್ನು ಡ್ರೈವರನ ಮುಖಕ್ಕೆ ಹೊಡೆದಳು. ಅವನು ಗಾಬರಿಯಿಂದ ಬ್ರೇಕ್ ತುಳಿದ. ಚಕ್ರ ನನ್ನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ಗಿಳಿಗಳು ಒಂದರ ಮೇಲೊಂದು ಬಿದ್ದು ಅಳತೊಡಗಿದವು. ಗೋಳಗುಮ್ಮಟದ ಗುಮ್ಮಟ ಕಿತ್ತುಬಂದು, ಉರುಳಿ, ಬ್ಯಾಂಡಿನವರ ಕಾಲಿಗೆ ಬಂದು ಸಿಕ್ಕಿಕೊಂಡಿತು. ಬ್ಯಾಂಡು ನಿಂತಿತು.

ಬ್ಯಾಂಡು ನಿಂತ ಮೇಲೆ ಗಂಡಸರ ದನಿ ಕೇಳಿಸಿತು. ಮಕ್ಕಳ ಮೆರವಣಿಗೆ ಕೆಡಿಸಿದವರು ಯಾರು, ಎಳೆಯಿರಿ ಅವರನ್ನು ಎಂದು ಹತ್ತಾರು ಮಂದಿ ನುಗ್ಗಿದರು. ಒಬ್ಬನ ಕೈಯಲ್ಲಿ ಬಾವುಟದ ಬಿದಿರು ಕೋಲಿತ್ತು. ಬಸು ಏಳಲು ಹೋದ. ನೀಲವ್ವ ಅವನ ಎದೆಯ ಮೇಲೆ ಕಾಲಿಟ್ಟು ಒತ್ತಿ, ಹಲ್ಲು ಕಚ್ಚಿದ ದನಿಯಲ್ಲಿ, "ಏಳಬ್ಯಾಡ. ಬೋರಲ ಬಿದ್ದು ಕೈ ಮುಗಿ" ಅಂದಳು. ನಮಗೂ ಅದೇ ಸನ್ನೆ ಮಾಡಿದಳು. ಆಮೇಲೆ ಉಳಿದ ಅರ್ಧ ಕೊಡವನ್ನು ಬಸುನ ಬೆನ್ನ ಮೇಲೆ ಸುರುವಿ, ಇಡೀ ಪೇಟೆಗೆ ಕೇಳುವಂತೆ ಹೇಳಿದಳು: "ದೀಡ ನಮಸ್ಕಾರ ಹೊಂಟಾವರಿ ಹುಡುಗೂರು. ಹರಕಿ ಹೊತ್ತಾವ. ದಾಟಬ್ಯಾಡ್ರಿ, ಮುಟ್ಟಬ್ಯಾಡ್ರಿ, ಹಿಂದ ಸರೀರಿ."

ನಮ್ಮ ಕಡೆ ದೀಡ ನಮಸ್ಕಾರವೆಂದರೆ ಗೊತ್ತಿಲ್ಲದವರಿಲ್ಲ. ಹರಕೆ ಹೊತ್ತವರು ಉದ್ದಕ್ಕೆ ಮಲಗಿ ಕೈ ಚಾಚುತ್ತಾರೆ, ಕೈ ಮುಟ್ಟಿದಲ್ಲಿ ಗೆರೆ ಎಳೆಯುತ್ತಾರೆ, ಎದ್ದು ಆ ಗೆರೆಯಿಂದ ಮತ್ತೆ ಮಲಗುತ್ತಾರೆ. ದೇವರ ಮುಂದೆ ಮುಟ್ಟುವವರೆಗೂ ಹೀಗೇ. ಅವರಿಗೆ ನೀರು ಹಾಕುತ್ತಾರೆಯೇ ಹೊರತು ಕೈ ಮಾಡುವುದಿಲ್ಲ. ಬಿದಿರು ಕೋಲಿನವನು ಕೋಲು ಕೆಳಗಿಳಿಸಿ ಚಪ್ಪಲಿ ಬಿಟ್ಟ. ಒಬ್ಬ ಮುದುಕಿ ಬಸುನ ಹಣೆಗೆ ವಿಭೂತಿ ಬಳಿದಳು. ಎರಡೂ ಕಡೆಯ ಅಂಗಡಿಗಳಿಂದ ಕೊಡಗಳು ಬಂದವು.

ಶುರುವಾದದ್ದನ್ನು ನಿಲ್ಲಿಸುವಂತಿರಲಿಲ್ಲ. ಇನ್ನೂರು ಹೆಜ್ಜೆ ಬಿದ್ದು, ಎದ್ದು, ಬಿದ್ದೆವು. ಬೇಡವೆಂದು ಗಡ್ಡ ಹಚ್ಚಿದ್ದವರು ರಸ್ತೆಗಿಳಿಯುವುದಿಲ್ಲ ಎಂದಿದ್ದರೂ, ಶೈಲಾ ಸಹಿತ ಅವರೆಲ್ಲ ಬಂದು ನಮ್ಮ ಕೈ ಮುಟ್ಟಿದಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ಅಕ್ಕನ ಮಗಳಿಗೆ ಏನೂ ಆಗಿಲ್ಲವೆಂದು ನೋಡಿಕೊಂಡು ಬಂದಿದ್ದ ಶೈಲಾ ನನ್ನ ಗೆರೆಗಳನ್ನು ಬೇಕೆಂದೇ ಕೈಗಿಂತ ಹಿಂದೆ ಎಳೆದಳು. ನನಗೆ ಎಂಟು ನಮಸ್ಕಾರ ಹೆಚ್ಚು ಬಿದ್ದವು. ಮುಂದೆ ನೀಲವ್ವ ಖಾಲಿ ಕೊಡ ಬಡಿಯುತ್ತಾ ನಡೆದಳು. ಸಿಂಹಗಳು ಮುಖವಾಡ ಎತ್ತಿ ನಮ್ಮನ್ನು ನೋಡುತ್ತಾ ನಿಂತವು.

ವೇದಿಕೆಯ ಕೆಳಗೆ ಹನ್ನೆರಡು ಜನ ತೊಯ್ದು ಮುದ್ದೆಯಾಗಿ ಬೋರಲು ಬಿದ್ದಾಗ ಸಾಹೇಬರು ಎದ್ದು ನಿಂತರು. ಏನು ಹರಕೆ ತಾಯಿ ಎಂದು ಮೆತ್ತಗೆ ಕೇಳಿದರು.

"ಐದೂವರಿ ಬಸ್ಸಿನ ಹರಕಿರಿ ಸಾಹೇಬ್ರ" ಅಂದಳು ನೀಲವ್ವ. "ತಿಕೋಟಾಕ್ಕೊಂದು, ಬಬಲೇಶ್ವರಕ್ಕೊಂದು. ಭುವನೇಶ್ವರಿ ತಾಯಿ ಕೊಟ್ರೂ ನಡೀತೈತಿ, ನೀವು ಕೊಟ್ರೂ ನಡೀತೈತಿ."

ಮೊದಲು ಬ್ಯಾಂಡಿನವರು ನಕ್ಕರು, ಆಮೇಲೆ ಚೌಕವೇ ನಕ್ಕಿತು. ಕೊನೆಗೆ ಸಾಹೇಬರೂ ನಗಬೇಕಾಯಿತು. ನೋಡೋಣ ಎಂದರು. ನೋಡೋಣ ಎನ್ನುವುದು ಯಾವ ದಿನ ಎಂದು ನೀಲವ್ವ ಕೇಳಿದಳು.

ಮಧ್ಯಾಹ್ನ ನಾನು ಅಂಗಡಿಗೆ ಹೋದಾಗ ಆಕೆ ಆನೆಯ ಬಟ್ಟೆಯನ್ನು ಬಿಚ್ಚಿ ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು. ಸೂಜಿಗೆ ದಾರ ಹೋಗುತ್ತಿರಲಿಲ್ಲ. ನಾಲ್ಕು ಸಲ ನೆಕ್ಕಿ ನಾಲ್ಕು ಸಲ ತಪ್ಪಿಸಿದಳು. ನಾನು ಪೋಣಿಸಿಕೊಡಲು ಕೈ ಚಾಚಿದರೆ ಕೊಡಲಿಲ್ಲ. "ಸಿಂಹದ ಕಣ್ಣ ಬಗ್ಗಿ ನಿಮಗ ಪಾಠ ಹೇಳಿದೆ. ಡ್ರೈವರನ ಕಣ್ಣಿಗೆ ನಾನ ಬಟ್ಟಿ ಹೊಲಿದೆ. ನೀ ಮನಿಗಿ ಹೋಗು ಬೇ ಸಾವಂತ್ರಿ, ಇವತ್ತು ನಿನ್ನ ಮುಖ ನೋಡಾಕ ಆಗೂದಿಲ್ಲ." ನಾನು ಹೋಗಲಿಲ್ಲ. ಹರಿದ ಕಿವಿಯ ಎಳೆ ಬಿಡಿಸುತ್ತಾ ಕೂತೆ. ಮುಂದೆ ಆಕೆ ಯಾವ ಗಾಡಿಗೂ ವೇಷ ಹಾಕಲಿಲ್ಲ. ಕೇಳಲು ಬಂದವರಿಗೆ ಆನೆ ಸತ್ತಿದೆ ಎನ್ನುತ್ತಿದ್ದಳು.

ನವೆಂಬರ್ ಹತ್ತೊಂಬತ್ತಕ್ಕೆ ತಿಕೋಟಾದ ಬಸ್ಸು ಬಂತು. ಒಂದು ವಾರ ಬಿಟ್ಟು ಬಬಲೇಶ್ವರದ್ದೂ ಬಂತು. ನನ್ನ ಪರೀಕ್ಷೆ ಮುಗಿಯುವ ಹೊತ್ತಿಗೆ ನೀಲವ್ವ ಇರಲಿಲ್ಲ. ಅಂಗಡಿಯಲ್ಲೇ, ಒಂದು ಕಿರೀಟ ಸರಿಮಾಡುತ್ತಾ ಕೂತಲ್ಲೇ ಹೋದಳೆಂದು ಬಸು ಫೋನಿನಲ್ಲಿ ಹೇಳಿದ. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಟ್ರ್ಯಾಕ್ಟರಿನ ಸದ್ದು ಕೇಳಿದರೆ ಈಗಲೂ ರಸ್ತೆ ಬಿಟ್ಟು ಕಟ್ಟೆ ಹತ್ತುತ್ತೇನೆ. ಹಗಲು ಹೊತ್ತಿನಲ್ಲೂ ಆ ಸಣ್ಣ ಕಲ್ಲುಗಳು ಕಾಣುತ್ತವೆ. ನಾನು ಗಡ್ಡ ಹಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಒಮ್ಮೆ ಒಂದು ಉತ್ತರ ಬರುತ್ತದೆ, ಇನ್ನೊಮ್ಮೆ ಇನ್ನೊಂದು. ಇಂಥದೇ ಪ್ರಶ್ನೆಯೊಂದನ್ನು ಆಕೆಯ ಮುಂದೆಯೂ ಇಟ್ಟಿದ್ದೆ, ನಾವಿಬ್ಬರೂ ಕೊನೆಯ ಸಲ ಭೇಟಿಯಾದಾಗ.

ಅದು ಡಿಸೆಂಬರಿನ ಒಂದು ಸಂಜೆ, ಪರೀಕ್ಷೆಯ ಓದಿಗೆಂದು ಕಾಲೇಜಿಗೆ ರಜೆ ಬಿಟ್ಟ ದಿನ. ಇಳಕಲ್ ಸೀರೆ ಉಟ್ಟು, ಯಾವ ಸುದ್ದಿಯೂ ಇಲ್ಲದೆ ಬಸ್‌ಸ್ಟ್ಯಾಂಡಿಗೆ ಬಂದು ಬಿಟ್ಟಿದ್ದಳು. ಅಷ್ಟು ನೀರು ಸುರುವಿ ತರಿಸಿದ ಬಸ್ಸು ಹೇಗಿದೆ ಎಂದು ನೋಡಬೇಕಂತೆ. ತಿಕೋಟಾದವರೆಗೆ ನನ್ನ ಪಕ್ಕದಲ್ಲಿ ಕೂತು ಬಂದಳು. ಸೀಟು ಹರಿದಿದೆ, ಕಿಟಕಿ ಮುಚ್ಚುವುದಿಲ್ಲ, ಇಂಥ ಬಸ್ಸಿಗೆ ಅರ್ಧ ಹರಕೆ ಸಾಕಿತ್ತು ಎಂದಳು. ಅವತ್ತು ಚಕ್ರ ನಿಲ್ಲದೆ ಹೋಗಿದ್ದರೆ ಏನಾಗುತ್ತಿತ್ತು ಆಯಿ, ನಾವು ಮಾಡಿದ್ದು ತಪ್ಪಲ್ಲವೇ ಎಂದು ಕೇಳಿದೆ. ಮುಚ್ಚದ ಕಿಟಕಿಯನ್ನು ಇನ್ನೊಮ್ಮೆ ಎಳೆದು ನೋಡಿದಳು. "ತಪ್ಪ ಐತಿ. ಆದ್ರ ಬಸ್ಸೂ ಐತಿ. ನನಗರೇ ಏನ ಗೊತ್ತಾಗ್ತೈತಿ ಬೇ. ಸೀಟ ಸಿಕ್ಕೈತಿ, ಕೂಡು."

ತಿಕೋಟಾದಲ್ಲಿ ಇಳಿದು ಚಹಾ ಕುಡಿಯುತ್ತಿದ್ದಳು. ಬಸ್ಸು ತಿರುಗಿ ವಿಜಯಪುರಕ್ಕೆ ಹೊರಟಿತು. ನಾನು ನೋಡುತ್ತಿದ್ದಂತೆ ಆಕೆ ಚಹಾದ ಲೋಟ ಹಿಡಿದುಕೊಂಡೇ ನಡೆದು ಹೋಗಿ, ಬಸ್ಸಿನ ಎದುರು ಕೈ ಅಡ್ಡ ಹಿಡಿದು ನಿಂತಳು. ಡ್ರೈವರ್ ಹಾರ್ನ್ ಹೊಡೆದ. ಆಕೆ ಅವನ ಕಣ್ಣಲ್ಲಿ ಕಣ್ಣಿಟ್ಟು, ಅವನಿಗೆ ತಾನು ಪೂರ್ತಿ ಕಾಣುತ್ತಿದ್ದೇನೆಂದು ಖಾತ್ರಿ ಮಾಡಿಕೊಂಡು, ಉಳಿದ ಚಹಾ ಸಾವಕಾಶ ಕುಡಿದಳು. ಲೋಟ ತಂದು ನನ್ನ ಕೈಗಿತ್ತು ಹತ್ತಿದಳು.

ನನ್ನನ್ನು ಕರೆಯಲು ಬಂದಿದ್ದ ಅಪ್ಪ, ಯಾರವ್ವಾ ಆ ಮುದುಕಿ ಎಂದು ಕೇಳಿದ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಚಲಿಸಿತು. ನಾನು ಕೈ ಬೀಸಿದೆ. ಆಕೆ ನೋಡಲಿಲ್ಲ. ಪುಕ್ಕಟೆ ಟಿಕೀಟಿಗೆ ತೋರಿಸಿದ ಆಧಾರ್ ಕಾರ್ಡಿನ ಫೋಟೊ ನಿಮ್ಮ ಹಾಗೆ ಇಲ್ಲವಲ್ಲ ಎಂದು ಕಂಡಕ್ಟರ್ ಕೇಳಿರಬೇಕು. ಮುಚ್ಚದ ಕಿಟಕಿಯಿಂದ ಆಕೆಯ ದನಿ ಮಾತ್ರ ಕೇಳಿಸಿತು. "ಅದು ವೇಷ ತಮ್ಮಾ. ನಿಜವಾಗಿ ಇರಾಕಿ ನಾನು."