ತೊಳೆದ ರೂಪಾಯಿ

ಹಳೆಯ ಬೆಳ್ಳಿ ನಾಣ್ಯವನ್ನು ತೊಳೆಯಬಾರದು. ನಾಣ್ಯ ಕೂಡಿಸುವ ಹವ್ಯಾಸಕ್ಕೆ ಬಿದ್ದವರು ಮೊದಲು ಕಲಿಯುವ ಮಾತು ಇದು. ನಮ್ಮ ಕಡೆಯ ಹೆಂಗಸರು ಕೊನೆಯವರೆಗೂ ನಂಬದ ಮಾತೂ ಇದೇ. ದೀಪಾವಳಿ ಅಮಾವಾಸ್ಯೆಗೆ ಲಕ್ಷ್ಮೀಪೂಜೆಯ ರೂಪಾಯಿಗಳಿಗೆ ಹುಣಸೆಹಣ್ಣು, ಒಲೆಯ ಬೂದಿ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ, ಕನ್ನಡಿಯಂತೆ ಮಾಡಿ ದೇವರ ಮುಂದೆ ಇಡುತ್ತಾರೆ. ಮನೆಯಲ್ಲಿ ಬೆಳ್ಳಿ ಕಪ್ಪಾಗಿದ್ದರೆ ಆ ಮನೆಯ ಹೆಂಗಸು ಮೈಗಳ್ಳಿ ಎಂದು ಅರ್ಥ. ಅವ್ವ ಹಾಗೆಯೇ ತಿಕ್ಕುತ್ತಿದ್ದಳು. ಮದುವೆಯಾಗಿ ನವಲಗುಂದಕ್ಕೆ ಬಂದ ಮೇಲೆ ನಾನೂ ಎಷ್ಟೋ ವರ್ಷ ತಿಕ್ಕಿದ್ದೇನೆ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದೆ. ಮಕ್ಕಳಿಗೆ ತೋರಿಸಲೆಂದು ಸಂತೆಯಲ್ಲಿ ಹಳೆಯ ತಾಮ್ರ, ಹಿತ್ತಾಳೆ ಮಾರುವವನ ಹತ್ತಿರ ಬ್ರಿಟಿಷರ ಕಾಲದ ಕಾಲಾಣೆಯೊಂದನ್ನು ಕೊಂಡೆ. ಅದರಿಂದ ಶುರುವಾಯಿತು. ನಿವೃತ್ತಿಯಾಗುವ ಹೊತ್ತಿಗೆ ನನ್ನ ಅಲಮಾರಿಯಲ್ಲಿ ರಾಣಿಯ ರೂಪಾಯಿ, ಬೋಳುತಲೆಯ ರಾಜನ ರೂಪಾಯಿ, ಅವನ ಮಗನ ರೂಪಾಯಿ ಎಲ್ಲ ಇದ್ದವು. ಮಧ್ಯಾಹ್ನ ಊಟವಾದ ಮೇಲೆ ಭೂತಗನ್ನಡಿ ಹಿಡಿದು ಕಿಟಕಿಯ ಬಳಿ ಕೂರುತ್ತಿದ್ದೆ. ಯಜಮಾನರು ಅಣಕಿಸುತ್ತಿದ್ದರು: "ಏನ್ ಬೇ, ನಿನ್ನ ರಾಜಗೋಳದು ಊಟ ಆತೇನು? ನಂಗೊಂದು ಕಪ್ ಚಾ ಕೊಟ್ಟು ಆಮ್ಯಾಲ ಅವರ ಸೇವಾ ಮಾಡು."

ಅದು ಸೇವೆಯಲ್ಲ, ತೂಗಿ ನೋಡುವ ಕೆಲಸ. ನಾಣ್ಯ ಎಷ್ಟು ಕೈ ದಾಟಿದೆ, ಎಷ್ಟು ಸವೆದಿದೆ ಎಂಬುದನ್ನು ಗುರುತಿಸಿ ಅದಕ್ಕೊಂದು ಗ್ರೇಡು ಹಾಕಬೇಕು. ಮೊದಲು ಸವೆಯುವುದು ಎತ್ತರದ ಜಾಗ: ರಾಜನ ಕಿವಿ, ಕಿರೀಟದ ಹರಳು, ಹಿಂಬದಿಯ ಬಳ್ಳಿಯಲ್ಲಿ ಹೂವಿನ ದಳ. ಆಮೇಲೆ ಮೆರುಗು. ಟಂಕಸಾಲೆಯಿಂದ ಬಂದ ಹೊಸ ನಾಣ್ಯವನ್ನು ಬಿಸಿಲಿಗೆ ಹಿಡಿದು ಮೆಲ್ಲಗೆ ಹೊರಳಿಸಿದರೆ ಬೆಳಕು ಗಾಡಿಯ ಗಾಲಿಯ ಕಡ್ಡಿಗಳಂತೆ ಅದರ ಮೈಮೇಲೆ ತಿರುಗುತ್ತದೆ. ಕೈಗಳಲ್ಲಿ ಓಡಾಡಿದ ನಾಣ್ಯದಲ್ಲಿ ತಿರುಗುವುದಿಲ್ಲ. ತಿಕ್ಕಿ ತೊಳೆದ ನಾಣ್ಯ ಎಷ್ಟು ಹೊಳೆದರೂ ಅದರಲ್ಲೂ ತಿರುಗುವುದಿಲ್ಲ. ಮೇಲಿನ ಕಪ್ಪು ಆ ಮೆರುಗನ್ನು ಕೆಡಿಸುವುದಿಲ್ಲ, ಕಾಯುತ್ತದೆ. ತಿಕ್ಕಿದರೆ ಎರಡೂ ಹೋಗುತ್ತವೆ.

ಅವ್ವ ತೀರಿಕೊಂಡದ್ದು ಯರಗುಪ್ಪಿಯಲ್ಲಿ, ನನ್ನ ತಮ್ಮನ ಮನೆಯಲ್ಲಿ. ದಿನಕರ್ಮಗಳೆಲ್ಲ ಮುಗಿದ ಮೇಲೆ ತಮ್ಮ ಹೊಲದ ಕಾಗದ ತಂದ. ನನ್ನ ಪಾಲು ಬಿಟ್ಟುಕೊಟ್ಟೆನೆಂದು ಸಹಿ ಹಾಕಿದೆ. ಅವನು ಒತ್ತಾಯ ಮಾಡಲಿಲ್ಲ. ನಮ್ಮಲ್ಲಿ ಹೆಣ್ಣುಮಕ್ಕಳು ಸಹಿ ಹಾಕುತ್ತಾರೆ, ತವರು ಉಳಿಸಿಕೊಳ್ಳುತ್ತಾರೆ. ಪ್ರತಿ ವರ್ಷ ನಾಗರ ಪಂಚಮಿಗೆ ತಮ್ಮ ಬಂದು ಕರೆದುಕೊಂಡು ಹೋಗುತ್ತಿದ್ದ. ಬಸ್ಸಿಗೆ ನಾನೇ ಹೋಗಬಲ್ಲೆ. ಆದರೆ ಕರೆಯಲು ಬಂದವನ ಜೊತೆ ಹೋಗುವುದು ಬೇರೆ. ಆ ಕರೆಯೊಂದು ಇದ್ದರೆ ಸಾಕು, ಕಪ್ಪು ಮಣ್ಣಿನ ಆ ಹೊಲ ಅವನಿಗೇ ಇರಲಿ ಎಂದುಕೊಂಡಿದ್ದೆ.

ಅದಾಗಿ ಕೆಲವು ತಿಂಗಳಿಗೆ ಅವ್ವನ ಸಂದೂಕದ ತಳದಲ್ಲಿ ಹಳೆಯ ಇಳಕಲ್ ಸೀರೆಯ ಚೂರಿನಲ್ಲಿ ಕಟ್ಟಿದ ರೂಪಾಯಿಗಳ ಗಂಟು ಸಿಕ್ಕಿತು. ಅಪ್ಪನಿಗೂ ಗೊತ್ತಿಲ್ಲದಂತೆ ಮುಚ್ಚಿಟ್ಟದ್ದಿರಬೇಕು. ದೇವರ ಮುಂದೆ ಬಾರದ್ದರಿಂದ ಅವಕ್ಕೆ ಹುಣಸೆಹಣ್ಣು ಮುಟ್ಟಿರಲಿಲ್ಲ. ತಮ್ಮ ಫೋನು ಮಾಡಿದ: "ಅಕ್ಕಾ, ಹಳೇ ರೂಪಾಯಿ ಲಕ್ಷಗಟ್ಟಲೆ ಹೋಗ್ತಾವಂತ ಫೋನಿನ್ಯಾಗ ತೋರಸಾಕತ್ತಾರ. ನಿಂಗ ತಿಳೀತೈತಿ. ಬಂದು ನೋಡು."

ಹೋಗುವಾಗ ಭೂತಗನ್ನಡಿಯ ಜೊತೆ ನನ್ನದೇ ಕೆಲವು ರೂಪಾಯಿಗಳನ್ನು ಪರ್ಸಿನಲ್ಲಿ ಹಾಕಿಕೊಂಡೆ. ನಾಣ್ಯ ನೋಡುವವರು ಹೀಗೆ ಮಾಡುತ್ತಾರೆ. ಗೊತ್ತಿರುವುದನ್ನು ಬಾಜು ಇಟ್ಟು ಗೊತ್ತಿಲ್ಲದ್ದನ್ನು ನೋಡುತ್ತಾರೆ.

ಗಂಟಿನಲ್ಲಿ ಬಹಳಷ್ಟು ಸಾಮಾನ್ಯದವು. ಒಂದು ಮಾತ್ರ ಬೇರೆ. ೧೯೧೧ರ ಇಸವಿಯದು. ಆ ವರ್ಷದ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಸರದಲ್ಲಿ ಆನೆಯೊಂದಿದೆ. ಸೊಂಡಿಲು ಗಿಡ್ಡವಾಗಿ ಬಂದು ಅದು ಹಂದಿಯಂತೆ ಕಂಡಿತು, ಜನ ಸಿಟ್ಟಾದರು, ಮರುವರ್ಷ ತಿದ್ದಿದರು. ಈ ಕಥೆ ಹೇಳಿದಾಗ ತಮ್ಮ ನಕ್ಕ.

"ನಮ್ಮವ್ವ ಮೂರ್ ಹೊತ್ತು ಲಿಂಗಪೂಜಿ ಮಾಡಾಕಿ. ಸಂದೂಕದಾಗ ಹಂದಿ ಸಾಕಿದ್ಲೇನು?"

ಒಳಗೆ ಬೆಳಕು ಸಾಲದೆ ಆ ರೂಪಾಯಿಯನ್ನು ಹಿತ್ತಲಿಗೆ ಒಯ್ದೆ. ಅಲ್ಲಿ ನಾನು ಒಬ್ಬಳೇ ಇದ್ದೆ. ತಮ್ಮ ಹೊರಬಾಗಿಲಲ್ಲಿ ಯಾರದೋ ಜೊತೆ ಮಾತಾಡುತ್ತಿದ್ದ, ಅವನ ಹೆಂಡತಿ ಚಹಾಕ್ಕೆ ಇಟ್ಟಿದ್ದಳು. ಕಲ್ಲಿನ ಮೇಲೆ ಕರವಸ್ತ್ರ ಹಾಸಿ ಅವ್ವನ ರೂಪಾಯಿಯನ್ನೂ ಅದೇ ಇಸವಿಯ ನನ್ನ ಸವೆದ ರೂಪಾಯಿಯನ್ನೂ ಜೊತೆಗಿಟ್ಟೆ. ಅಂಚು ಹಿಡಿದು ಅವ್ವನದನ್ನು ಹೊರಳಿಸಿದೆ. ಕಪ್ಪಿನ ಕೆಳಗೆ ಬೆಳಕು ತಿರುಗಿತು. ಕಿವಿ ಪೂರ್ತಿ ಇತ್ತು. ಹಿಂಬದಿಯಲ್ಲಿ ಇಸವಿಯ ಕೆಳಗೆ, ಅಂಚಿನಲ್ಲಿ, ಅಕ್ಕಿಕಾಳಿಗಿಂತ ಚಿಕ್ಕದೊಂದು ಕಚ್ಚು ಇತ್ತು. ಅಷ್ಟು ಬಿಟ್ಟರೆ ಹೊಸದು. ನನ್ನದನ್ನು ಪರ್ಸಿನಲ್ಲಿ ಹಾಕಿಕೊಳ್ಳುವ ಹೊತ್ತಿಗೆ ತಮ್ಮನ ಹೆಂಡತಿ ಚಹಾ ಹಿಡಿದು ಹಿತ್ತಲ ಬಾಗಿಲಿಗೆ ಬಂದಳು. ಅವಳು ನೋಡಿದ್ದು ನಿಜ. ನಾನು ರೂಪಾಯಿಯೊಂದನ್ನು ಪರ್ಸಿಗೆ ಹಾಕುತ್ತಿದ್ದೆ.

ಒಳಗೆ ಬಂದು ಹೇಳಿದೆ: "ಇದ ಒಂದ ಅಗದಿ ಛಲೋ ಐತಿ. ಹೊಸಾದರ ಹಂಗ ಐತಿ. ತಿಳದವರಿಗೆ ಅಷ್ಟ ತೋರಸ್ರಿ. ತೊಳೀಬ್ಯಾಡ್ರಿ ಮಾತ್ರ."

"ಯಾಕ್ರಿ ಅಕ್ಕಾರ?" ಎಂದಳು ಅವಳು. "ಕಾಡಿಗಿ ಹಂಗ ಆಗ್ಯಾವು. ಲಕ್ಷ್ಮೀನ ಯಾರರ ಹಿಂಗ ಇಡ್ತಾರೇನ್ರಿ?"

"ಕರ್ರಗ ಇದ್ರನ ಬೆಲಿ ಬೇ ಇದಕ್ಕ."

ಅವಳು ಗಂಡನ ಮುಖ ನೋಡಿದಳು. ಆ ನೋಟ ನಾನು ಕಂಡೆ. ತಿಳಿಯಲಿಲ್ಲ ಎಂಬ ನೋಟ ಎಂದುಕೊಂಡೆ.

ನಾನು ಬಸ್ಸು ಹತ್ತಿದ ಮರುದಿನ ಅವಳು ಎಲ್ಲವನ್ನೂ ತೊಳೆದಳು. ತಮ್ಮ ಅವನ್ನು ಹುಬ್ಬಳ್ಳಿಗೆ ಒಯ್ದು ಒಬ್ಬ ವ್ಯಾಪಾರಿಗೆ ತೋರಿಸಿದ. ವ್ಯಾಪಾರಿ ಒಂದೊಂದನ್ನೇ ತಿರುಗಿಸಿ ನೋಡಿ, ಇದರಲ್ಲಿ ಬೇರೆ ಏನೂ ಇಲ್ಲ, ಬೆಳ್ಳಿಯ ತೂಕಕ್ಕೆ ತೆಗೆದುಕೊಳ್ಳುತ್ತೇನೆ ಎಂದನಂತೆ. ತಮ್ಮ ಕೊಡದೆ ವಾಪಸು ತಂದ. ತಂದವನು ನನಗೆ ಫೋನು ಮಾಡಿ "ನಾಳೆ ಬಾ" ಎಂದಷ್ಟೇ ಹೇಳಿದ.

ಪಡಸಾಲೆಯಲ್ಲಿ ತಟ್ಟೆಯ ತುಂಬ ರೂಪಾಯಿಗಳಿದ್ದವು, ಬೆಳ್ಳಗೆ, ತೊಳೆದ ಹಲ್ಲಿನಂತೆ. ೧೯೧೧ರದನ್ನು ಎತ್ತಿಕೊಂಡೆ. ರಾಜನ ಕೆನ್ನೆಯ ಮೇಲೆ ಸಣ್ಣ ಗೀರುಗಳು ಒಂದರ ಮೇಲೊಂದು. ಹೊರಳಿಸಿದೆ. ಬೆಳಕು ತಿರುಗಲಿಲ್ಲ, ಒಂದೇ ಕಡೆ ಚುಚ್ಚಿ ನಿಂತಿತು. ತಟ್ಟೆಗೆ ವಾಪಸು ಹಾಕದೆ ಅದನ್ನು ಮತ್ತೆ ಮತ್ತೆ ಹೊರಳಿಸಿದೆ. ಅದನ್ನು ಅವರಿಬ್ಬರೂ ನೋಡಿದರು, ತಮಗೆ ಬೇಕಾದ ಅರ್ಥ ಮಾಡಿಕೊಂಡರು.

"ಹೊಸಾದರ ಹಂಗ ಐತಿ ಅಂತ ನೀನಽ ಅಂದಿ," ಎಂದ ತಮ್ಮ. "ಅಂವ ನೋಡಿದ್ರ ಸಾದಾ ಅಂದ. ಹಂಗಾರ ಆ ಹೊಸಾದು ಎಲ್ಲಿ ಹೋತು ಅಕ್ಕಾ?"

ಮೊದಲು ನನಗೆ ಪ್ರಶ್ನೆಯೇ ತಿಳಿಯಲಿಲ್ಲ. "ಇದಽ ಅದು. ತಿಕ್ಕಿದ್ದಕ್ಕ ಕೆಟ್ಟೈತಿ."

"ತೊಳದ್ರ ಚೊಕ್ಕ ಆಗ್ತೈತಿ, ಕೆಡ್ತೈತೇನ? ತೊಳದ್ರ ಬೆಳ್ಳಿ ಏನ್ ಕಡಿಮಿ ಆಕ್ಕೈತಿ?"

ಅವನ ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ಹಿತ್ತಲದಾಗ ನೀವು ಪರ್ಸಿನ್ಯಾಗ ಹಾಕ್ಕೊಂಡಿದ್ದು ನಾ ನೋಡೀನ್ರಿ ಅಕ್ಕಾರ. ಆವತ್ತಽ ಇವರ ಮುಂದ ಹೇಳೀನಿ. ತೊಳದ್ರ ಬದ್ಲಿ ಮಾಡಿದ್ದು ಗುರ್ತ ಸಿಗತೈತಿ ಅಂತ ನೀವು ತೊಳೀಬ್ಯಾಡ್ರಿ ಅಂದ್ರಿ."

ಪರ್ಸಿಗೆ ಹಾಕಿದ್ದು ಹೋಲಿಸಿ ನೋಡಲು ಮನೆಯಿಂದ ತಂದ ನನ್ನದೇ ರೂಪಾಯಿ ಎಂದು ಹೇಳಿ, ಅಂಚಿನ ಕಚ್ಚು ತೋರಿಸಿದೆ. ಹಿತ್ತಲಲ್ಲಿ ನೋಡಿದ್ದೆ, ಅದು ಇಲ್ಲೇ ಇದೆ, ಬೇರೆ ರೂಪಾಯಿಯಲ್ಲಿ ಅದೇ ಜಾಗಕ್ಕೆ ಅದೇ ಕಚ್ಚು ಹೇಗೆ ಇದ್ದೀತು ಎಂದೆ. ತಮ್ಮ ಭೂತಗನ್ನಡಿ ಇಸಿದುಕೊಂಡು ಬಹಳ ಹೊತ್ತು ನೋಡಿದ. "ಕಚ್ಚು ಐತಿ. ಆದ್ರ ಮೊದ್ಲಿನದರಾಗ ಇತ್ತೋ ಇಲ್ಲೋ, ನೋಡಿದಾಕಿ ನೀ ಒಬ್ಬಾಕಿನ," ಎಂದ.

ನಾನು ಅಷ್ಟು ಸರಿಯಾಗಿ ಗ್ರೇಡು ಹೇಳದೆ "ಏನೋ ಇರಬಹುದಪ್ಪ" ಎಂದು ಎದ್ದು ಬಂದಿದ್ದರೆ ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಹೊಲ ಬಿಟ್ಟುಕೊಟ್ಟವಳು ಒಂದು ರೂಪಾಯಿಗೆ ಆಸೆ ಪಡುತ್ತಾಳೆಯೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಹೊಲದ ಮಾತು ಎತ್ತಿದರೆ ಅದಕ್ಕೂ ಲೆಕ್ಕ ಇಟ್ಟಿದ್ದಾಳೆ ಎನ್ನುತ್ತಿದ್ದರು.

ಆ ಮೇಲೆ ಫೋನುಗಳು ನಿಂತವು. ಶ್ರಾವಣ ಬಂತು. ಮನೆಯ ಮುಂದೆ ಬೈಕು ನಿಂತ ಸದ್ದಾದಾಗಲೆಲ್ಲ ನಾನು ಎದ್ದು ನೋಡುವುದನ್ನು ಯಜಮಾನರು ನೋಡಿಯೂ ನೋಡದಂತೆ ಪೇಪರು ಮುಂದೆ ಹಿಡಿಯುತ್ತಿದ್ದರು. ಪಂಚಮಿಗೆ ಎರಡು ದಿನ ಇರುವಾಗ ತಮ್ಮ ಬಂದ. ನೀರು ಕೊಟ್ಟೆ, ಕುಡಿದ. ಗ್ಲಾಸು ಕೆಳಗಿಡುತ್ತ ಹೇಳಿದ: "ಅಕ್ಕಾ, ನಂಗ ಜಗಳ ಬ್ಯಾಡ. ಅದೊಂದು ಕೊಟ್ಟು ಬಿಡು. ಯಾರೂ ಯಾರಿಗೂ ಏನೂ ಅನ್ನೂದು ಬ್ಯಾಡ."

ನಾನು ಅಲಮಾರಿ ತೆಗೆದು ಟ್ರೇಗಳನ್ನೆಲ್ಲ ಅವನ ಮುಂದೆ ಇಟ್ಟೆ. "ಇದರಾಗ ಅವ್ವಂದು ಇಲ್ಲೋ ತಮ್ಮಾ. ನೀನ ನೋಡು."

ಅವನು ನೋಡಿದ. ಬೆರಳಿನಿಂದ ಒಂದೊಂದನ್ನೇ ಸರಿಸಿದ. ನಾನು ಯಾರಿಗೂ ಮುಟ್ಟಲು ಕೊಡದ ನಾಣ್ಯಗಳ ಮೈಮೇಲೆ ಅವನ ಹೆಬ್ಬೆರಳು ಓಡಾಡಿತು. ಕೊನೆಗೆ ಕಪ್ಪು ಹಿಡಿದ ಒಂದನ್ನು ಎತ್ತಿಕೊಂಡು ಬಾಗಿಲಿನ ಬೆಳಕಿಗೆ ಹಿಡಿದ.

"ಇದಽ," ಎಂದ.

ಅದು ಅದೇ ರಾಜನದು, ಆದರೆ ಇಸವಿ ಬೇರೆ. ಆನೆಗೆ ನೆಟ್ಟಗೆ ಸೊಂಡಿಲು ಇತ್ತು. ಇಸವಿ ಓದು ಎಂದು ಹೇಳಲು ಬಾಯಿ ತೆರೆದೆ. ಅವನ ಮುಖ ನೋಡಿದೆ. ತಿಂಗಳುಗಳ ಮೇಲೆ ಆ ಮುಖ ಹಗುರಾಗಿತ್ತು. ಸಿಕ್ಕಿತಲ್ಲ, ಇನ್ನು ಅಕ್ಕನ ಜೊತೆ ಮಾತಾಡಬಹುದು ಎಂಬ ಹಗುರ. ಕೊಡದಿದ್ದರೆ ನಾನು ಕಳ್ಳಿ, ಕೊಟ್ಟರೂ ಕಳ್ಳಿ. ಕೊಟ್ಟರೆ ತವರು ಉಳಿಯುತ್ತದೆ. ಬಾಯಿ ಮುಚ್ಚಿದೆ. ಅವನು ರೂಪಾಯಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಎದ್ದ.

"ನಡಿ ಅಕ್ಕಾ, ಸೀರಿ ಇಟ್ಟುಕೋ. ಪಂಚಮಿಗಿ ಹೋಗೂಣು."

ಯಜಮಾನರು ಪೇಪರು ಕೆಳಗಿಳಿಸಿ ನನ್ನನ್ನು ನೋಡಿದರು. ಅವರು ಏನಾದರೂ ಅಂದಿದ್ದರೆ ನಾನು ಹೋಗುತ್ತಿರಲಿಲ್ಲವೇನೋ. ಅವರು ಪೇಪರು ಮತ್ತೆ ಎತ್ತಿಕೊಂಡರು. ನಾನು ಹೋದೆ.

ಯರಗುಪ್ಪಿಯಲ್ಲಿ ತಮ್ಮನ ಹೆಂಡತಿ ಕಾಲಿಗೆ ನೀರು ಕೊಟ್ಟಳು. ತಟ್ಟೆಯಲ್ಲಿ ಶೇಂಗಾದ ಉಂಡಿ, ಎಳ್ಳಿನ ಉಂಡಿ, ಜೋಳದ ಅಳ್ಳು ಹಾಕಿ ಮುಂದೆ ಇಟ್ಟಳು. "ತಗೋರಿ ಅಕ್ಕಾರ. ಆದದ್ದು ಆತು. ಆಸೆ ಯಾರಿಗಿಲ್ಲರಿ? ನಾವೇನ್ ಮನಸಿನ್ಯಾಗ ಇಟ್ಕೊಂಡಿಲ್ಲ," ಎಂದಳು. ಮನಸ್ಸಿನಿಂದಲೇ ಹೇಳಿದಳು. ಅವಳು ಕೆಟ್ಟವಳಲ್ಲ.

"ಹೂಂ" ಎಂದೆ. ಉಂಡಿ ಮುರಿದು ಬಾಯಿಗೆ ಹಾಕಿಕೊಂಡೆ.

ಆಮೇಲೆ ಸೀರೆ ಬದಲಿಸಲು ಒಳಕೋಣೆಗೆ ಹೋದೆ. ಅವಳು ನನ್ನ ಹಿಂದೆಯೇ ಬಂದಳು. ತಿಜೋರಿಯಲ್ಲಿ ನೇತಾಡುತ್ತಿದ್ದ ಕೀಲಿ ತಿರುಗಿಸಿ ಬೀಗ ಹಾಕಿ, ಕೀಲಿ ಕಿತ್ತು, ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು. ನಾನು ಅವಳನ್ನು ಬೈಯಲಾರೆ. ಕಳ್ಳಿ ಎಂದು ನಾನು ನಂಬಿದವಳೊಬ್ಬಳು ನನ್ನ ಮನೆಗೆ ಬಂದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.