ಮಣಿಕಟ್ಟಿನ ಮೇಲೊಂದು ಅಮಾವಾಸ್ಯೆ

ಕಳೆದ ತಿಂಗಳು ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತಿದ್ದವರೊಬ್ಬರು ನನ್ನ ಕೈ ನೋಡಿ, ‘ಟೈಮ್ ಎಷ್ಟಾಯ್ತು ಸಾ?’ ಅಂದರು.

ನಾನು ಗತ್ತಿನಿಂದ ತೋಳು ಮಡಚಿ ವಾಚು ನೋಡಿಕೊಂಡೆ. ಸೂರ್ಯ ನೆತ್ತಿ ದಾಟಿ ಸ್ವಲ್ಪ ಬಲಕ್ಕೆ ವಾಲಿದ್ದ. ಧೂಮಕೇತು ತಳದಲ್ಲಿತ್ತು. ಸುತ್ತ ನಕ್ಷತ್ರಗಳು. ‘ಒಂದ್ನಿಮಿಷ’ ಎಂದು ಜೇಬಿನಿಂದ ಮೊಬೈಲ್ ತೆಗೆದು ನೋಡಿ, ‘ಒಂದೂವರೆ’ ಎಂದೆ.

ಅವರು ನನ್ನ ವಾಚನ್ನೂ ಮೊಬೈಲನ್ನೂ ಮುಖವನ್ನೂ ಒಂದಾದ ಮೇಲೊಂದು ನೋಡಿದರು.

‘ರಿಪೇರಿಗೆ ಬಂದದಾ ಸಾ?’

‘ಇಲ್ಲ, ಚೆನ್ನಾಗೇ ನಡೀತಿದೆ.’

ಅವರು ಆಮೇಲೆ ಸ್ವಲ್ಪ ಆ ಕಡೆ ಸರಿದು ಕೂತರು.

ತಪ್ಪು ಅವರದಲ್ಲ. ವಾಚು ಇರುವುದೇ ಹಾಗೆ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನಲ್ಲಿ ಕೂತು ಪುಸ್ತಕದ ಅಂಚಿಗೆಲ್ಲ ಚಿತ್ರ ಬರೆಯುತ್ತಿದ್ದ ಹುಡುಗನೊಬ್ಬನಿದ್ದ. (ನನ್ನ ಚಿತ್ರವನ್ನೂ ಬರೆದಿದ್ದ. ಅದನ್ನು ಇಲ್ಲಿ ವಿವರಿಸುವುದು ಬೇಡ.) ಅವನೀಗ ಬೆಂಗಳೂರಿನಲ್ಲಿ ಕೈಗಡಿಯಾರಗಳ ಡಿಸೈನರ್. ತಾನು ಮಾಡಿದ ಮೊದಲ ಸ್ಯಾಂಪಲ್ ಪೀಸನ್ನು ತಂದು ಗುರುಕಾಣಿಕೆ ಎಂದು ನನ್ನ ಕೈಗೆ ಕಟ್ಟಿ ಹೋದ. ಬ್ಯಾಟರಿ ಇಲ್ಲ, ದಿನಾ ಕೀ ಕೊಡಬೇಕು. ಅಂಕಿಗಳಿಲ್ಲ. ಮುಳ್ಳುಗಳೂ ಇಲ್ಲ. ಕಡುನೀಲಿ ಆಕಾಶ, ಅದರ ತುಂಬ ಕೈಯಲ್ಲೇ ಇಟ್ಟ ಬಂಗಾರದ ಚುಕ್ಕಿಗಳು. ಅಂಚಿನಲ್ಲೊಬ್ಬ ಸೂರ್ಯ ದಿನಕ್ಕೊಂದು ಸುತ್ತು ಬಂದು ಗಂಟೆ ತೋರಿಸುತ್ತಾನೆ. ಬಾಲದ ಧೂಮಕೇತು ನಿಮಿಷ ತೋರಿಸುತ್ತದೆ. ಕೆಳಗೊಂದು ಪುಟ್ಟ ಕಿಟಕಿ, ಅದರೊಳಗೆ ಚಂದ್ರ. ದಿನದಿನಕ್ಕೆ ಬೆಳೆದು ಹುಣ್ಣಿಮೆಯಾಗುತ್ತಾನೆ, ಕರಗಿ ಅಮಾವಾಸ್ಯೆಯಾಗುತ್ತಾನೆ.

‘ಸಾರ್, ಇದು ಟೈಮ್ ನೋಡೋಕಲ್ಲ. ಟೈಮನ್ನ ಫೀಲ್ ಮಾಡೋಕೆ’ ಅಂದ ಶಿಷ್ಯ.

‘ನೀವು ಫೀಲ್ ಮಾಡ್ತಾ ಇರಿ. ಹಾಲು ತರೋ ಟೈಮ್ ಆದಾಗ ನಾನು ಹೇಳ್ತೀನಿ’ ಅಂದಳು ನನ್ನ ಹೆಂಡತಿ.

ಇಷ್ಟೇ ಆಗಿದ್ದರೆ ಈ ವಾಚು ಅಂಕಣದವರೆಗೆ ಬರುತ್ತಿರಲಿಲ್ಲ. ಇದು ನನ್ನ ಅಕ್ಕನ ಮಗನ ಮದುವೆಯನ್ನು ಮುರಿಯುವ ಮಟ್ಟಕ್ಕೆ ಹೋಯಿತು.

ಅಕ್ಕನ ಮನೆ ನಂಜನಗೂಡಿನ ಹತ್ತಿರ ಹೆಡತಲೆ ಎಂಬ ಊರಲ್ಲಿ. ಭಾವ ತೀರಿಕೊಂಡ ಮೇಲೆ ಬಾಳೆ ತೋಟ, ಹಸುಗಳು, ಡೈರಿಗೆ ಹಾಲು, ಎಲ್ಲವನ್ನೂ ಒಬ್ಬನೇ ಎತ್ತಿ ನಿಲ್ಲಿಸಿದವನು ಅವಳ ಮಗ ಶ್ರೀಕಂಠ. ಸ್ವಂತ ಮನೆ ಕಟ್ಟಿಸಿದ್ದಾನೆ, ಬೀಡಿ ಸಿಗರೇಟು ಮುಟ್ಟುವುದಿಲ್ಲ, ಯಾರ ಮುಂದೆಯೂ ದನಿ ಎತ್ತಿದವನಲ್ಲ. ಒಂದೇ ಒಂದು ದೋಷ. ಹುಡುಗ ಏನು ಮಾಡ್ತಾನೆ ಎಂದು ಕೇಳಿದರೆ ‘ವ್ಯವಸಾಯ’ ಎನ್ನಬೇಕು. ಅಲ್ಲಿಗೆ ಫೋನು ಕಟ್!

ನಮ್ಮ ಕಡೆ ಈಗ ಹೆಣ್ಣು ಹೆತ್ತವರಿಗೆಲ್ಲ ಸಂಬಳದ ಹುಡುಗನೇ ಬೇಕು. ಸಂಬಳ ಎಷ್ಟಾದರೂ ಆಗಲಿ, ಒಂದನೇ ತಾರೀಕು ಬಂದರೆ ಸಾಕು. ಇದನ್ನು ಹೇಳುವ ಅಪ್ಪಂದಿರು ಯಾರು? ಹೆಚ್ಚಿನವರು ರೈತರೇ. ತಮ್ಮ ಕಸುಬಿಗೆ ತಾವೇ ಹೆಣ್ಣು ಕೊಡದಿದ್ದರೆ ಇನ್ಯಾರು ಕೊಡಬೇಕು? ಶ್ರೀಕಂಠನಿಗೆ ಮೂವತ್ತು ದಾಟಿತು. ಬ್ರೋಕರುಗಳು ಫೋಟೋ ವಾಪಸ್ ಕಳಿಸಿದರು. ಅಕ್ಕ ಹರಕೆ ಕಟ್ಟದ ದೇವರು ಉಳಿದಿರಲಿಲ್ಲ.

ಇಂಥದ್ದರಲ್ಲಿ ಸೋಸಲೆಯಿಂದ ಒಂದು ಸಂಬಂಧ ಕೂಡಿಬಂತು. ಹುಡುಗಿ ರಮ್ಯ. ಟಿ. ನರಸೀಪುರದ ನರ್ಸಿಂಗ್ ಹೋಮ್ ಒಂದರಲ್ಲಿ ನರ್ಸು. ಒಮ್ಮೆ ಹೋಗಿ ನೋಡಿ ಬಂದಾಗಿತ್ತು. ಮಾತುಕತೆ ಮುಗಿಸಿ ತಾಂಬೂಲ ಬದಲಾಯಿಸಿಕೊಳ್ಳುವುದಷ್ಟೇ ಬಾಕಿ. ಹಿಂದಿನ ದಿನ ಅಕ್ಕನ ಫೋನು ಬಂತು.

‘ಆ ಫಾರಿನ್ ವಾಚ್ ಕಟ್ಕೊಂಡ್ ಬಾ. ಸೋದರಮಾವ ಅಂದ್ರೆ ಒಂದ್ ತೂಕ ಇರ್ಬೇಕು.’

‘ಅದು ಫಾರಿನ್ ಅಲ್ಲ ಅಕ್ಕ. ಬೆಂಗಳೂರಲ್ಲಿ ಮಾಡಿದ್ದು.’

‘ನೋಡಕ್ಕೆ ಫಾರಿನ್ ಅಲ್ವಾ? ಯಾರಾದ್ರೂ ಕೇಳಿದ್ರೆ ಸುಮ್ಕೆ ನಗು.’

ಹಿಂದಿನ ವಾರವೆಲ್ಲ ಕೀ ಕೊಡದೆ ವಾಚು ನಿಂತೇ ಇತ್ತು. ಬೆಳಿಗ್ಗೆ ಅವಸರದಲ್ಲಿ ಕೀ ಕೊಟ್ಟು ಸೂರ್ಯನನ್ನೂ ಧೂಮಕೇತುವನ್ನೂ ಮೊಬೈಲ್ ನೋಡಿ ಸರಿಮಾಡಿದೆ. ಚಂದ್ರನ ಉಸಾಬರಿಗೆ ಹೋಗಲಿಲ್ಲ. ಹಗಲು ಹೊತ್ತು ಚಂದ್ರನನ್ನು ಯಾರು ಕೇಳುತ್ತಾರೆ?

ರಾಹುಕಾಲ ತಪ್ಪಿಸಿ ಕಾರು ಹೊರಟಿತು. ದಾರಿಯುದ್ದಕ್ಕೂ ಅಕ್ಕನಿಗೆ ಖುಷಿಯೋ ಖುಷಿ. ‘ಸೊಸೆ ಬಂದ್ಬುಟ್ರೆ ಸಾಕು ಕಣಪ್ಪ. ಕೊಟ್ಟಿಗೆ, ಸಗಣಿ, ಗಂಜ್ಲ ಎಲ್ಲ ಅವ್ಳಿಗ್ ವಹ್ಸಿ ನಾನು ಕಾಲ್ ನೀಡ್ಕಂಡು ಟೀವಿ ನೋಡದೆಯ’ ಅಂದಳು. ಶ್ರೀಕಂಠ ಸ್ಟೀರಿಂಗ್ ಹಿಡಿದು ರಸ್ತೆಯನ್ನೇ ನೋಡುತ್ತಿದ್ದ.

ಸೋಸಲೆಯಲ್ಲಿ ಉಪಚಾರ ಜೋರಾಗಿತ್ತು. ಕೇಸರಿಬಾತು, ಉಪ್ಪಿಟ್ಟು, ಬಜ್ಜಿ. ಮನೆಯ ಯಜಮಾನರು ರಮ್ಯಳ ತಾತ. ಬಿಳಿ ಮೀಸೆ, ದೊಡ್ಡ ನಗು. ಅವರ ಪಕ್ಕದಲ್ಲೇ ರಮ್ಯಳ ಸೋದರತ್ತೆ ಜಯಮ್ಮ. ಈಕೆ ಮಾತ್ರ ನಗಲಿಲ್ಲ. (ಮೈಸೂರಿನ ಫ್ಯಾಕ್ಟರಿಯ ಹುಡುಗನೊಬ್ಬ ಆಕೆಯ ಮನಸ್ಸಿನಲ್ಲಿದ್ದ ಎಂದು ಆಮೇಲೆ ತಿಳಿಯಿತು. ಸಂಬಳದವನು.) ಹುಡುಗ ಹುಡುಗಿ ಹಿತ್ತಿಲಿಗೆ ಹೋಗಿ ಹತ್ತು ನಿಮಿಷ ಮಾತಾಡಿ ಬಂದರು. ಇಬ್ಬರ ಮುಖವೂ ಗೆಲುವಾಗಿತ್ತು. ಸರಿ, ತಾಂಬೂಲ.

ಭಾವ ಇಲ್ಲದ್ದರಿಂದ ನಮ್ಮ ಕಡೆಯ ತಟ್ಟೆ ಹಿಡಿಯಬೇಕಾದವನು ಸೋದರಮಾವ. ಎದ್ದು ನಿಂತೆ. ತೆಂಗಿನಕಾಯಿ, ಎಲೆ ಅಡಿಕೆ, ಹೂವು, ಶ್ರೀಕಂಠನೇ ಬೆಳೆದ ರಸಬಾಳೆಯ ಚಿಪ್ಪುಗಳು. ತಟ್ಟೆ ಭಾರವಾಗಿತ್ತು. ಎರಡೂ ಕೈಯಲ್ಲಿ ಹಿಡಿದು ತಾತನ ಮುಂದೆ ಚಾಚಿದೆ. ಅಂಗಿಯ ತೋಳು ಹಿಂದಕ್ಕೆ ಜಾರಿತು. ವಾಚು ನೇರವಾಗಿ ಜಯಮ್ಮನವರ ಕಣ್ಣಿಗೆ ಬಿತ್ತು.

‘ಇದೇನಿದು, ಆಕಾಸ ಬರ್ದವ್ರೆ?’ ಎಂದು ಬಗ್ಗಿ ನೋಡಿದರು. ನಾನು ಅಕ್ಕ ಹೇಳಿಕೊಟ್ಟಂತೆ ಸುಮ್ಮನೆ ನಕ್ಕೆ.

‘ಚುಕ್ಕಿ ಅವೆ. ಸೂರ್ಯ ಅವ್ನೆ. ಚಂದ್ರ ಎಲ್ಲವ್ನೆ?’

ನಾನೂ ಆಗಲೇ ನೋಡಿದ್ದು. ಕಿಟಕಿ ಕಪ್ಪಗಿತ್ತು.

‘ಅಮಾಸೆ’ ಅಂದರು ಜಯಮ್ಮ. ‘ತಾಂಬೂಲ ತಕ್ಕೊಳೊ ಒತ್ನಲ್ಲಿ ಉಡ್ಗನ್ ಮಾವ ಕೈಗೆ ಅಮಾಸೆ ಕಟ್ಕೊಂಡ್ ಬಂದವ್ರಲ್ಲ. ಅಪ್ಪಾಜಿ, ತಟ್ಟೆ ಮುಟ್ಟಬ್ಯಾಡಿ.’

ಅರ್ಧಕ್ಕೆ ಬಂದಿದ್ದ ತಾತನ ಕೈ ಹಿಂದಕ್ಕೆ ಹೋಯಿತು.

‘ಇವತ್ತು ಅಮಾವಾಸ್ಯೆ ಅಲ್ಲಮ್ಮ, ತದಿಗೆ. ಅಲ್ಲಿ ಕ್ಯಾಲೆಂಡರ್ ನೋಡಿ’ ಅಂದೆ.

‘ಕ್ಯಾಲೆಂಡರ್ ಗ್ವಾಡೆ ಮೇಲದೆ. ಅಮಾಸೆ ತಟ್ಟೆ ಕೆಳ್ಗೇ ಅದಲ್ಲ’ ಅಂದರು. ನಾಲ್ಕು ಸಾಲಿನ ಅಂಕಣಕ್ಕೆ ನಾಲ್ಕು ಗಂಟೆ ತಿಣುಕುವ ನನಗೆ ಇಂಥ ಉತ್ತರ ಯಾವತ್ತೂ ಹೊಳೆದಿಲ್ಲ.

ಅಕ್ಕನ ಮುಖ ನೋಡಲಾಗಲಿಲ್ಲ. ಇಷ್ಟು ವರ್ಷ ಕಾದು ಕೂಡಿಬಂದ ಸಂಬಂಧ, ಒಂದು ಗೇಣು ದೂರದಲ್ಲಿ ನಿಂತಿದೆ. ವಾಚು ಬಿಚ್ಚೋಣ ಎಂದು ತಟ್ಟೆ ಕೆಳಗಿಡಲು ಹೋದೆ. ಅಕ್ಕ ಹಿಂದಿನಿಂದ, ‘ಎತ್ತಿದ್ ತಟ್ಟೆ ಕೆಳಕ್ ಮಡಗ್ಬ್ಯಾಡ ಕಣೋ, ಅಪಸಕ್ನ’ ಅಂದಳು. ಮುಂದೆ ಒಂದು ಅಪಶಕುನ, ಕೆಳಗೆ ಇನ್ನೊಂದು. ನಡುವೆ ನಾನು, ತೆಂಗಿನಕಾಯಿ ಸಮೇತ.

‘ಅದನ್ನ ಸರಿ ಮಾಡೋಕಾಗಲ್ವಾ ಸರ್?’ ಕೇಳಿದ್ದು ರಮ್ಯ.

‘ಆಗುತ್ತಮ್ಮ. ಎಡಗಡೆ ಸಣ್ಣ ತೂತಿದೆ. ಪಿನ್ನಲ್ಲಿ ಒಂದು ಸಲ ಒತ್ತಿದರೆ ಚಂದ್ರ ಒಂದು ದಿನ ಮುಂದಕ್ಕೆ ಹೋಗ್ತಾನೆ.’

ಆಕೆ ಅತ್ತೆಯ ಕಡೆ ಕೈ ಚಾಚಿದಳು. ‘ಅತ್ತೆ, ಒಂದು ಪಿನ್ ಕೊಡಿ.’

ಹೆಂಗಸರ ಮಾಂಗಲ್ಯದ ಸರದಲ್ಲಿ ಪಿನ್ನು ಇರದ ಮನೆ ಈ ಭೂಮಿಯ ಮೇಲುಂಟೇ? ಜಯಮ್ಮ ಇಲ್ಲವೆನ್ನುವಂತಿರಲಿಲ್ಲ, ಎದುರಿಗೇ ನೇತಾಡುತ್ತಿತ್ತು. ಬಿಚ್ಚಿಕೊಟ್ಟರು. ರಮ್ಯ ಇಂಜೆಕ್ಷನ್ ಕೊಡುವ ಶ್ರದ್ಧೆಯಲ್ಲಿ ನನ್ನ ಮಣಿಕಟ್ಟು ಹಿಡಿದು ಒತ್ತಿದಳು. ಕಪ್ಪು ಕಿಟಕಿಯ ಅಂಚಿನಲ್ಲಿ ಬೆಳ್ಳಿಯ ಗೆರೆ ಮೂಡಿತು.

‘ಬಂದ, ಬಂದ’ ಅಂದರು ತಾತ. ‘ಎಲ್ಲಿ, ನಂಗೊಂಚೂರು ಕೊಡವ್ವ.’

ಕೊಟ್ಟದ್ದೇ ತಪ್ಪಾಯಿತು. ತಾತ ಒತ್ತಿದರು. ಚಂದ್ರ ಬೆಳೆದ. ಇನ್ನೊಮ್ಮೆ ಒತ್ತಿದರು. ತದಿಗೆ ಬಂದು ನಿಂತಿತು. ಅಲ್ಲಿಗೆ ಸಾಕಿತ್ತು, ಅದೇ ನಿಜವಾದ ದಿನ. ಆದರೆ ಯಾರೂ ಸಾಕೆನ್ನಲಿಲ್ಲ. ಎರಡೂ ಕಡೆಯವರು ನನ್ನ ಕೈ ಸುತ್ತ ತಲೆ ಸೇರಿಸಿದ್ದರು. ಅಷ್ಟಮಿ ಬಂತು, ಏಕಾದಶಿ ಬಂತು. ‘ಉಣ್ಣಿಮೆಗ್ ನಿಲ್ಸಿ, ಉಣ್ಣಿಮೆಗ್ ನಿಲ್ಸಿ’ ಅಂದಳು ಅಕ್ಕ. ಹುಣ್ಣಿಮೆ ಬಂತು. ತಾತ ಉತ್ಸಾಹದಲ್ಲಿ ಇನ್ನೆರಡು ಸಲ ಒತ್ತಿಬಿಟ್ಟರು. ಚಂದ್ರ ಸೊರಗತೊಡಗಿದ.

‘ಇಂದಕ್ ತಿರ್ಗ್ಸಿ’ ಅಂದರು ಯಾರೋ.

‘ಹಿಂದಕ್ಕೆ ಬರಲ್ಲ. ಮುಂದಕ್ಕೆ ಮಾತ್ರ’ ಅಂದೆ. ನನ್ನ ತೋಳು ಬಿದ್ದುಹೋಗುತ್ತಿತ್ತು.

ಹಾಗಾದರೆ ಹುಣ್ಣಿಮೆಗೆ ಹೋಗಲು ಉಳಿದದ್ದು ಒಂದೇ ದಾರಿ. ಕೃಷ್ಣಪಕ್ಷ ಪೂರ್ತಿ ಇಳಿದು, ಅಮಾವಾಸ್ಯೆ ದಾಟಿ, ಮತ್ತೆ ಹತ್ತಬೇಕು. ತಾತ ಒತ್ತುತ್ತ ಹೋದರು. ಕಿಟಕಿ ಕಪ್ಪಾಗುತ್ತ ಬಂತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಪೂರಾ ಕತ್ತಲಾದಾಗ ಒಂದು ದನಿ ಕೇಳಿಸಿತು, ‘ಬಿರ್‍ರನೆ ಒತ್ತಿ ಅಪ್ಪಾಜಿ, ಬಿರ್‍ರನೆ ಒತ್ತಿ.’

ಜಯಮ್ಮನವರದು!

ಎರಡನೇ ಸಲ ಹುಣ್ಣಿಮೆ ಬಂದ ಕೂಡಲೇ ರಮ್ಯ ತಾತನ ಕೈಯಿಂದ ಪಿನ್ನು ಕಿತ್ತುಕೊಂಡಳು. ತಟ್ಟೆ ಅತ್ತಿತ್ತ ಆಯಿತು. ಜಯಮ್ಮನೇ ಅಕ್ಕನಿಗೆ ಕುಂಕುಮ ಇಟ್ಟರು. ಗೋಡೆಯ ಮೇಲಿನ ತದಿಗೆಯನ್ನು ಯಾರೂ ತಿರುಗಿ ನೋಡಲಿಲ್ಲ. ಅಮಾವಾಸ್ಯೆ ಎಂದು ಶುಭಕಾರ್ಯ ನಿಲ್ಲಿಸಿದವರೇ ತಮ್ಮ ಕೈಯಾರೆ ಇನ್ನೊಂದು ಅಮಾವಾಸ್ಯೆ ತಂದು ದಾಟಿಸಿದರು. ನಾವು ಗ್ರಹ ನಕ್ಷತ್ರಗಳಿಗೆ ಹೆದರುತ್ತೇವೆ ಅಂದವರು ಯಾರು? ಅವಕ್ಕೆ ನಮ್ಮ ಕೈಲಿ ಸಿಕ್ಕಿಬೀಳದ ಹಾಗೆ ಇರುವುದೇ ಕಷ್ಟ. ಮದುವೆಯ ಮುಹೂರ್ತ ಗೊತ್ತಾದದ್ದೂ ಹಾಗೇ. ಮೊದಲು ನರಸೀಪುರದ ಛತ್ರದವರು ಖಾಲಿ ಇರುವ ದಿನ ಹೇಳಿದರು. ಆಮೇಲೆ ಪುರೋಹಿತರಿಗೆ ಅದೇ ದಿನ ಶುಭ ಲಗ್ನ ಸಿಕ್ಕಿತು.

ವಾಪಸ್ ಬರುವಾಗ ಟೀಗೆಂದು ಕಾರು ನಿಲ್ಲಿಸಿದೆವು. ಅಕ್ಕ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಶ್ರೀಕಂಠನನ್ನು ಕೇಳಿದೆ, ‘ಹಿತ್ತಿಲಲ್ಲಿ ಏನೋ ಅಷ್ಟು ಮಾತಾಡಿದ್ರಿ?’

‘ಒಂದೇ ಮಾತು ಕೇಳಿದ್ಲು ಮಾವ. ಸಗಣಿ ಯಾರ್ ಎತ್ತದು ಅಂತ.’

‘ನೀನೇನಂದೆ?’

‘ನಾನೇ ಎತ್ತೀನಿ ಅಂದೆ. ಡ್ಯೂಟಿ ಬುಡಲ್ಲ, ಸ್ಕೂಟರ್‍ನಲ್ ಓಗ್ಬತ್ತೀನಿ ಅಂದ್ಲು. ಆಗ್ಲಿ ಅಂದೆ. ಅಷ್ಟಕ್ಕೇ ಒಪ್ಕಂಬುಟ್ಲು.’ ಟೀ ಲೋಟ ನೋಡುತ್ತಲೇ ಸೇರಿಸಿದ, ‘ಅವ್ವಂಗ್ ಯೋಳ್ಬ್ಯಾಡಿ ಮಾವ.’

ಅಂದರೆ ಮದುವೆ ಗಟ್ಟಿಯಾದದ್ದು ಹಿತ್ತಿಲಲ್ಲಿ. ನಾನು ತಟ್ಟೆ ಎತ್ತುವ ಮೊದಲೇ. ಆ ಹುಡುಗಿ ಅಷ್ಟು ಧೈರ್ಯವಾಗಿ ಪಿನ್ನು ಕೇಳಿದ್ದು ಯಾಕೆ ಎಂದು ಆಗ ಅರ್ಥವಾಯಿತು. ನನಗೆ ಅವಳ ಮೇಲೆ ವಿಪರೀತ ಪ್ರೀತಿ ಬಂತು.

ನಿನ್ನೆ ಅಕ್ಕನ ಫೋನು. ‘ಮದ್ವೆ ಆಗೋಗಂಟ ಆ ವಾಚ್‌ಗೆ ಕೀ ಕೊಡ್ಬ್ಯಾಡ. ಉಣ್ಣಿಮೆ ಅಂಗೇ ಇರ್ಲಿ.’

ಇಡುತ್ತೇನೆ ಎಂದೆ. ಬೀರುವಿನಲ್ಲಿ ಸೀರೆಗಳ ಮಧ್ಯೆ ಹುಣ್ಣಿಮೆ ಅಲ್ಲಾಡದೆ ಮಲಗಿದೆ. ವಾಚಿನಲ್ಲಿ ಅದನ್ನು ನಿಲ್ಲಿಸುವುದು ಸುಲಭ.

ಆದರೆ ಮದುವೆಯಾದ ಮೇಲೆ ಒಂದು ಬೆಳಿಗ್ಗೆ ಸೊಸೆ ಸ್ಕೂಟರ್ ಹತ್ತಿ ಡ್ಯೂಟಿಗೆ, ಮಗ ಸಗಣಿ ಮಂಕರಿ ಹೊತ್ತು ತಿಪ್ಪೆಗೆ ಹೊರಟಾಗ, ನಮ್ಮಕ್ಕನ ಮುಖದಲ್ಲಿ ಹುಣ್ಣಿಮೆಯನ್ನು ನಿಲ್ಲಿಸುವವರು ಯಾರು?